ನಿವೃತ್ತಿಯಾದ ಮೇಲೆ ಆರ್‌ವಿ ಡೆಲಿವರಿ: ವಾಪಸ್ ಬರುವ ದಾರಿಯ ಲೆಕ್ಕ

2021ರ ಏಪ್ರಿಲ್‌ನಲ್ಲಿ ನಾನು ಅಮೆರಿಕದಲ್ಲಿ ಮೊದಲ ಆರ್‌ವಿಯನ್ನು, ಅಂದರೆ ಒಳಗೇ ಮನೆಯಿರುವ ಗಾಡಿಯನ್ನು, ಕಾರ್ಖಾನೆಯಿಂದ ಡೀಲರ್‌ಗೆ ತಲುಪಿಸಿ ಬಂದ ವಿಷಯ ಕೇಳಿ, ಹಾಸನದಲ್ಲಿರುವ ಅಕ್ಕ ಫೋನಿನಲ್ಲೇ ಬೇಜಾರು ಮಾಡಿಕೊಂಡಳು. "ಅಪ್ಪ ಡ್ರೈವರ್ ಆಗಿ ದುಡಿದು ನಿನ್ನ ಇಂಜಿನಿಯರ್ ಮಾಡಿದ್ದು, ನೀನು ಮತ್ತೆ ಸ್ಟೇರಿಂಗ್ ಹಿಡಿಯೋಕಾ?" ಅಂದಳು. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿದ್ದವರು. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಅಕ್ಕನಿಗೆ ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ನಾಲ್ಕು ವರ್ಷದ ಲೆಕ್ಕ ಕೈಯಲ್ಲಿದೆ. ಇಲ್ಲಿಗೆ ಬಂದು ನೆಲೆಸಿದ, ನನ್ನ ವಯಸ್ಸಿನ ಕೆಲವು ಕನ್ನಡಿಗರೂ ಈ ಕೆಲಸದ ಬಗ್ಗೆ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಮಿಷಿಗನ್ ರಾಜ್ಯದ ಕಲಮಜೂನಲ್ಲಿ. ಅಲ್ಲಿಂದ ಸುಮಾರು ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಇಂಡಿಯಾನಾದ ಎಲ್ಕ್‌ಹಾರ್ಟ್. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಬಹುಪಾಲು ಈ ಊರಿನ ಸುತ್ತಮುತ್ತಲೇ ಆಗುತ್ತವೆ: ಎಲ್ಕ್‌ಹಾರ್ಟ್, ಗೋಷನ್, ಮಿಡಲ್‌ಬರಿ, ನಪಾನಿ. ಆರ್‌ವಿ ಅಂದರೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ ಗಾಡಿ. ಇಂಜಿನ್ ಇದ್ದರೆ ಮೋಟರ್‌ಹೋಮ್, ಪಿಕಪ್ ಹಿಂದೆ ಕಟ್ಟಿ ಎಳೆಯುವುದಾದರೆ ಟ್ರೇಲರ್. ಕಾರ್ಖಾನೆಯಿಂದ ಹೊರಬಿದ್ದ ಪ್ರತಿ ಗಾಡಿಯೂ ದೇಶದ ಯಾವುದೋ ಮೂಲೆಯ ಡೀಲರ್ ಹತ್ತಿರ ಹೋಗಬೇಕಲ್ವಾ? ಮೋಟರ್‌ಹೋಮ್‌ಗಳನ್ನು ಹೆಚ್ಚಾಗಿ ಯಾರಾದರೂ ಒಬ್ಬರು ಓಡಿಸಿಕೊಂಡೇ ಹೋಗುತ್ತಾರೆ. ಅಲ್ಲಿನ ಅಂಗಳಗಳಲ್ಲಿ ಬೆಳಗ್ಗೆ ಕಂಡವರಲ್ಲಿ ಬಹಳ ಜನ ನನ್ನಂತೆ ತಲೆ ನರೆತವರೇ.

ನನಗೆ ಈ ಕೆಲಸ ಬೇಕಾಗಿದ್ದು ಒಂದು ನಿರ್ದಿಷ್ಟ ಕಾರಣಕ್ಕೆ. 63ಕ್ಕೆ ಕಾರಿನ ಬಿಡಿಭಾಗದ ಕಂಪನಿಯಿಂದ ನಿವೃತ್ತನಾದೆ. ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ, ಬರುವುದು 65ಕ್ಕೆ. ಎರಡು ವರ್ಷದ ಆರೋಗ್ಯ ವಿಮೆಯ ಕಂತು ಕೈಯಿಂದಲೇ ಕಟ್ಟಬೇಕು. ನಾನು 1957ರಲ್ಲಿ ಹುಟ್ಟಿದವನು, ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ, ಪೂರ್ತಿ ಸಿಗುವ ವಯಸ್ಸು 66 ವರ್ಷ 6 ತಿಂಗಳು. ಮೊದಲೇ ತೆಗೆದುಕೊಂಡರೆ ಜೀವನಪೂರ್ತಿ ಕಡಿಮೆ. ಜೊತೆಗೆ ದುಡಿಯುತ್ತಲೂ ಇದ್ದರೆ ಒಂದು ಮಿತಿ ದಾಟಿದ ಸಂಪಾದನೆಗೆ ತಕ್ಕಂತೆ ಅದರಲ್ಲೂ ತಡೆಹಿಡಿಯುತ್ತಾರೆ. 2021ರಲ್ಲಿ ಆ ಮಿತಿ 18,960 ಡಾಲರ್ ಇತ್ತು. ಹಾಗಾಗಿ ಪಿಂಚಣಿಗೆ ಕೈ ಹಾಕದೆ ಮೂರು ವರ್ಷ ದೂಡಲು ಒಂದು ಸಣ್ಣ ಆದಾಯ ಸಾಕಿತ್ತು.

ಟ್ರೇಲರ್ ಎಳೆಯುವವರಿಗೆ ಜಾಸ್ತಿ ದುಡ್ಡು. ಆದರೆ ಅದಕ್ಕೆ ದೊಡ್ಡ ಡೀಸೆಲ್ ಪಿಕಪ್ ಸ್ವಂತದ್ದು ಬೇಕು. ನಿವೃತ್ತಿಯ ದುಡ್ಡಿನಲ್ಲಿ 60-70 ಸಾವಿರ ಡಾಲರ್ ಪಿಕಪ್ ಮೇಲೆ ಹಾಕಿ, ಅದರ ಕಂತು ತೀರಿಸಲು ಓಡುವುದು ನನಗೆ ಸರಿ ಕಾಣಲಿಲ್ಲ. ಮೋಟರ್‌ಹೋಮ್‌ಗೆ ಬಂಡವಾಳ ಬೇಡ. ನಾನು ಓಡಿಸುವುದು ವ್ಯಾನಿನ ಮೂತಿ ಇರುವ 'ಕ್ಲಾಸ್ ಸಿ' ಗಾಡಿಗಳನ್ನು. ಇವುಗಳ ತೂಕದ ಮಿತಿ 14,500 ಪೌಂಡ್ ಆಸುಪಾಸು. 26,001 ಪೌಂಡ್ ಅಥವಾ ಅದಕ್ಕೂ ಮೇಲಿನ ಗಾಡಿಗೆ ಮಾತ್ರ ಸಿಡಿಎಲ್, ಅಂದರೆ ಲಾರಿ ಡ್ರೈವರ್‌ಗಳ ಲೈಸೆನ್ಸ್ ಬೇಕು. ಸ್ವಂತ ಮೋಟರ್‌ಹೋಮ್ ಓಡಿಸುವವರಿಗೆ ಈ ವಿಷಯದಲ್ಲಿ ವಿನಾಯಿತಿ ಇದೆ. ಡೆಲಿವರಿ ಮಾಡುವವರಿಗೆ ಇಲ್ಲ, ಏಕೆಂದರೆ ಅದು ವ್ಯಾಪಾರ.

ಸಿಡಿಎಲ್ ಬೇಡ ಅಂದ ಮಾತ್ರಕ್ಕೆ ನಿಯಮ ಇಲ್ಲ ಅಂತಲ್ಲ. 10,001 ಪೌಂಡ್ ಅಥವಾ ಅದಕ್ಕೂ ಮೇಲಿನ ಗಾಡಿಯನ್ನು ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆಗೆ ಓಡಿಸಿದರೆ ಮೆಡಿಕಲ್ ಕಾರ್ಡ್ ಇರಲೇಬೇಕು. ಸರ್ಕಾರದ ಪಟ್ಟಿಯಲ್ಲಿರುವ ವೈದ್ಯಕೀಯ ಪರೀಕ್ಷಕರೇ ಪರೀಕ್ಷೆ ಮಾಡಬೇಕು. ಎರಡೂ ಕಣ್ಣು ನೋಡುತ್ತಾರೆ, ಐದು ಅಡಿ ದೂರದಿಂದ ಪಿಸುಗುಟ್ಟಿದ್ದು ಕೇಳಿಸುತ್ತದಾ ನೋಡುತ್ತಾರೆ. ಬಿಪಿ 140/90ಕ್ಕಿಂತ ಕಡಿಮೆ ಇದ್ದರೆ ಎರಡು ವರ್ಷದ ಕಾರ್ಡ್ ಸಿಗುತ್ತದೆ. ನನ್ನದು ಆ ದಿನ 150/94 ಬಂತು, ಒಂದೇ ವರ್ಷಕ್ಕೆ ಕೊಟ್ಟರು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದ್ದು ಆವತ್ತಿನಿಂದ. ದಿನಕ್ಕೆ 11 ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಕೆಲಸಕ್ಕೆ ಕೂತ 14 ಗಂಟೆಯ ಮೇಲೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, 10 ಗಂಟೆ ವಿಶ್ರಾಂತಿ ಬೇಕು. ಲಾರಿಗಳಲ್ಲಿ ಇದನ್ನು ಯಂತ್ರ ದಾಖಲಿಸುತ್ತದೆ. ಡೆಲಿವರಿಗೆ ಹೋಗುವ ಆರ್‌ವಿಗೆ ಆ ಯಂತ್ರದಿಂದ ವಿನಾಯಿತಿ ಇರುವುದರಿಂದ ನಾವು ಕಾಗದದ ಲಾಗ್ ಬುಕ್ ಬರೆಯುತ್ತೇವೆ. ಪ್ರತಿ ಸಲ ನಿಂತಾಗ ಗೆರೆ ಎಳೆದುಬಿಡುವುದು ನನ್ನ ರೂಢಿ. ರಾತ್ರಿ ಕೂತು ನೆನಪಿನಿಂದ ಬರೆದರೆ ತಪ್ಪು ಗ್ಯಾರಂಟಿ.

ಇನ್ನು ದುಡ್ಡು. ನನ್ನ ಕಂಪನಿ ಕೊಡುವುದು ಮೈಲಿಗೆ 1 ಡಾಲರ್ 10 ಸೆಂಟ್. ಪೆಟ್ರೋಲ್, ಊಟ, ಮೋಟೆಲ್, ಟೋಲ್, ವಾಪಸ್ ಬರುವ ಖರ್ಚು ಎಲ್ಲ ನನ್ನದೇ. ಮೊದಲು ನಾನು ನೋಡಿದ್ದು ಮೈಲಿಗಳನ್ನು ಮಾತ್ರ. ಉದ್ದದ ಟ್ರಿಪ್ ಸಿಕ್ಕರೆ ಖುಷಿ. ಫ್ಲಾರಿಡಾದ ಟ್ಯಾಂಪಾ ಕಡೆಗೆ ಸುಮಾರು 1,150 ಮೈಲಿ, 1,265 ಡಾಲರ್! ಬರೆದು ನೋಡಿದಾಗ ಗೊತ್ತಾಯಿತು. ಪೆಟ್ರೋಲ್‌ಗೆ 390, ಎರಡು ರಾತ್ರಿ ಮೋಟೆಲ್‌ಗೆ 160, ವಾಪಸ್ ವಿಮಾನಕ್ಕೆ 185, ಟ್ಯಾಕ್ಸಿಗೆ 40, ಊಟ ಮತ್ತು ಟೋಲ್‌ಗೆ 30. ಉಳಿದಿದ್ದು 460. ಅದಕ್ಕೆ ನಾಲ್ಕು ದಿನ.

ಅದೇ ತಿಂಗಳು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ತಿರಕ್ಕೆ ಹೋಗಬೇಕಾದ ಒಂದು ಗಾಡಿ ಇತ್ತು. 515 ಮೈಲಿ, 566 ಡಾಲರ್. ಯಾರೂ ಮುಟ್ಟುತ್ತಿರಲಿಲ್ಲ. ನಾನು ತೆಗೆದುಕೊಂಡಿದ್ದಕ್ಕೆ ಕಾರಣ ಒಂದು ರೈಲು. ನ್ಯೂಯಾರ್ಕ್‌ನಿಂದ ಶಿಕಾಗೋಗೆ ಹೋಗುವ ಆಮ್‌ಟ್ರಾಕ್ ಎಂಬ ರೈಲು ಸಂಸ್ಥೆಯ ಲೇಕ್ ಶೋರ್ ಲಿಮಿಟೆಡ್ ರಾತ್ರಿ ರಾಚೆಸ್ಟರ್‌ನಲ್ಲಿ ನಿಲ್ಲುತ್ತದೆ, ಬೆಳಗ್ಗೆ ಎಲ್ಕ್‌ಹಾರ್ಟ್‌ನಲ್ಲೂ ನಿಲ್ಲುತ್ತದೆ. ನಸುಕಿಗೆ ಹೊರಟು, ಮಧ್ಯಾಹ್ನ ಡೀಲರ್ ಸಹಿ ಹಾಕಿಸಿಕೊಂಡು, ರಾತ್ರಿ ರೈಲು ಹತ್ತಿದೆ. ಮೋಟೆಲ್ ಇಲ್ಲ. ಪೆಟ್ರೋಲ್ 178, ಟೋಲ್ 50, ರೈಲು 72, ಟ್ಯಾಕ್ಸಿ 23, ಊಟ 10. ಉಳಿದಿದ್ದು 233 ಡಾಲರ್, ಒಂದು ಹಗಲು ಒಂದು ರಾತ್ರಿಗೆ. ಟ್ಯಾಂಪಾದಲ್ಲಿ ದಿನಕ್ಕೆ 115 ಬಿದ್ದಿತ್ತು.

ಆವತ್ತಿನಿಂದ ನಾನು ಲೋಡ್ ಆರಿಸುವ ಕ್ರಮವೇ ತಿರುಗಿತು. ಕಂಪನಿಯಲ್ಲಿ ಟ್ರಿಪ್ ಹಂಚುವ ಡಿಸ್ಪ್ಯಾಚರ್ ಊರಿನ ಹೆಸರು ಹೇಳಿದ ಕೂಡಲೇ ಮೊದಲು ನೋಡುವುದು ಅಲ್ಲಿಂದ ಹೇಗೆ ಬರುವುದು ಅಂತ. ಕ್ಲೀವ್‌ಲ್ಯಾಂಡ್, ಎರಿ, ಬಫಲೋ, ಸಿರಕ್ಯೂಸ್, ಆಲ್ಬನಿ: ಇವೆಲ್ಲ ಆ ರೈಲಿನ ದಾರಿಯ ಊರುಗಳು. 65 ದಾಟಿದವರಿಗೆ ಟಿಕೆಟ್‌ನಲ್ಲಿ 10 ಪರ್ಸೆಂಟ್ ರಿಯಾಯಿತಿಯೂ ಇದೆ. ರೈಲು ತಡವಾಗುತ್ತದೆ, ನಿಜ. ಆದರೆ ನಿದ್ದೆ ಮಾಡುತ್ತಾ ತಡವಾಗುವುದು ನನಗೆ ಪರವಾಗಿಲ್ಲ. ಫ್ಲಾರಿಡಾದ ಕೆಲವು ಊರುಗಳಿಂದ ಎಲ್ಕ್‌ಹಾರ್ಟ್ ಹತ್ತಿರದ ಸೌತ್ ಬೆಂಡ್‌ಗೆ ಅಗ್ಗದ ನೇರ ವಿಮಾನ ಇದೆ, ಆದರೆ ದಿನಾ ಇಲ್ಲ. ಆ ದಿನಕ್ಕೆ ಹೊಂದಿಸಿ ಹೊರಟರೆ ಫ್ಲಾರಿಡಾವೂ ಗಿಟ್ಟುತ್ತದೆ. ವಿಮಾನ ನಿಲ್ದಾಣದಿಂದ ನೂರು ಮೈಲಿ ದೂರದ ಹಳ್ಳಿಯ ಡೀಲರ್ ಆದರೆ ದರ ಎಷ್ಟೇ ಇರಲಿ, ನಾನು ಬೇಡ ಅನ್ನುತ್ತೇನೆ.

ಮುನ್ನೂರು ಮೈಲಿಯೊಳಗಿನ ಟ್ರಿಪ್‌ಗೆ ಇನ್ನೊಂದು ದಾರಿ ಕಂಡುಕೊಂಡೆವು. ನನ್ನ ಹೆಂಡತಿ ನಮ್ಮ ಕಾರು ಓಡಿಸಿಕೊಂಡು ಹಿಂದೆ ಬರುತ್ತಾಳೆ. ಗಾಡಿಯೊಳಗೆ ಅವಳನ್ನು ಕೂರಿಸಿಕೊಳ್ಳುವ ಹಾಗಿಲ್ಲ, ಕಂಪನಿಯ ಲಿಖಿತ ಅನುಮತಿ ಬೇಕು. ಒಹಾಯೋ, ಇಲಿನಾಯ್ ಕಡೆಗೆ ಹೀಗೆ ಹೋಗಿ ಸಂಜೆಗೆ ಮನೆ ಸೇರುತ್ತೇವೆ. ಶಿಕಾಗೋ ಹತ್ತಿರದ ಟ್ರಿಪ್ ಆದರೆ ಅರೋರಾದ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನ್‌ನಲ್ಲಿ ಊಟ. ಅವಳು ಬರುವುದೇ ಅದಕ್ಕೆ ಅಂತ ನನಗೆ ಗೊತ್ತು.

ಒಳಗೆ ಒಲೆ, ಫ್ರಿಜ್, ಮಂಚ ಎಲ್ಲ ಇದ್ದರೂ ಯಾವುದನ್ನೂ ಮುಟ್ಟುವ ಹಾಗಿಲ್ಲ. ಅದು ಇನ್ನೊಬ್ಬರು ದುಡ್ಡು ಕೊಟ್ಟು ಕೊಳ್ಳಬೇಕಾದ ಹೊಸ ಮನೆ. ಸೀಟಿನ ಪ್ಲಾಸ್ಟಿಕ್ ತೆಗೆಯುವುದಿಲ್ಲ, ಕಾಲಡಿಗೆ ರಟ್ಟು ಹಾಸಿಕೊಳ್ಳುತ್ತೇನೆ. ಮೊಸರನ್ನ, ಚಪಾತಿ, ಚಟ್ನಿ ಪುಡಿ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ರೆಸ್ಟ್ ಏರಿಯಾದ ಬೆಂಚಿನ ಮೇಲೆ ಕೂತು ತಿನ್ನುತ್ತೇನೆ.

ನಾನು ಕಳೆದುಕೊಂಡ ದುಡ್ಡಿನ ವಿಷಯವನ್ನೂ ಹೇಳಬೇಕು. ಮೂರನೇ ಟ್ರಿಪ್. ನಸುಕಿನಲ್ಲಿ, ಗಾಡಿಯ ಮೈಮೇಲೆಲ್ಲ ಮಂಜಿನ ಹನಿ ಇರುವಾಗ ಸುತ್ತ ಒಂದು ಬಾರಿ ನೋಡಿ, ಎಲ್ಲ ಸರಿ ಇದೆ ಅಂತ ಸಹಿ ಹಾಕಿಬಿಟ್ಟೆ. ಡೀಲರ್ ಹತ್ತಿರ ತಲುಪಿಸಿದಾಗ ಹಿಂದಿನ ಚಕ್ರದ ಕೆಳಗಡೆ ಗೇಣುದ್ದ ಗೀರು. ನಾನು ಎಲ್ಲೂ ತಾಗಿಸಿರಲಿಲ್ಲ. ಆದರೆ ಹೊರಡುವ ಮುಂಚಿನ ಫೋಟೋ ನನ್ನ ಹತ್ತಿರ ಇರಲಿಲ್ಲ. 250 ಡಾಲರ್ ಚೆಕ್‌ನಲ್ಲಿ ಹಿಡಿದರು. ಎರಡು ದಿನದ ದುಡಿಮೆ ಪೂರ್ತಿ ಹೋಯಿತು. ವಾದ ಮಾಡಲು ಆಧಾರವೇ ಇಲ್ಲದಿದ್ದಾಗ ಏನು ಹೇಳುವುದು? ಮೂವತ್ತು ವರ್ಷ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನಿಗೆ ಅದು ಬಹಳ ನೋವಾಯಿತು.

ಈಗ ಬೆಳಕು ಹರಿಯುವವರೆಗೆ ಸಹಿ ಹಾಕುವುದಿಲ್ಲ. ಬಟ್ಟೆಯಿಂದ ಹನಿ ಒರೆಸಿ, ನೆಲದ ಮಟ್ಟಕ್ಕೆ ಬಗ್ಗಿ, ಟಾರ್ಚ್ ಹಿಡಿದು ನೋಡುತ್ತೇನೆ. ಅರವತ್ತಕ್ಕೆ ಕಡಿಮೆ ಇಲ್ಲದಷ್ಟು ಫೋಟೋ: ಮುಂದಿನ ಗಾಜು, ನಾಲ್ಕು ಮೂಲೆ, ಬಿಸಿಲು ಪರದೆ, ಕನ್ನಡಿ, ಒಳಗಿನ ಕಪಾಟಿನ ಬಾಗಿಲು. ಟೈರಿನ ಗಾಳಿ ನಾನೇ ಅಳೆಯುತ್ತೇನೆ. ಹೊಸ ಗಾಡಿಯಾದರೂ ಗಾಳಿ ಸರಿ ಇರುತ್ತದೆ ಅಂತ ನಂಬಬಾರದು. ಚಕ್ರದ ನಟ್‌ಗಳನ್ನು ದಾರಿಯಲ್ಲಿ ಮೊದಲ ಸಲ ನಿಂತಾಗ ಮತ್ತೆ ನೋಡುತ್ತೇನೆ. ತಲುಪಿದ ಮೇಲೆ ಡೀಲರ್ ಎದುರಿಗೇ ಅಷ್ಟೂ ಫೋಟೋ ಮತ್ತೆ. ಇದಕ್ಕೆಲ್ಲ ಒಂದು ಗಂಟೆ ಹಿಡಿಯುತ್ತದೆ, ಆ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ.

ದಾರಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಎರಡು. ಒಂದು ಗಾಳಿ. ಖಾಲಿ ಆರ್‌ವಿ ಅಂದರೆ ಎತ್ತರದ ಹಗುರ ಪೆಟ್ಟಿಗೆ. ವಯೋಮಿಂಗ್‌ನಲ್ಲಿ ಲಾರಮಿ ಮತ್ತು ರಾಲಿನ್ಸ್ ನಡುವೆ ಹೆದ್ದಾರಿ 80ರ ಮೇಲೆ ಗಾಳಿ ಹೊಡೆಯುವುದು ನೋಡಬೇಕು. ಎಲ್ಕ್ ಮೌಂಟನ್ ಹತ್ತಿರ ಲಾರಿಗಳೇ ಮಗುಚಿಕೊಳ್ಳುತ್ತವೆ. ಹಗುರವಾದ, ಎತ್ತರದ ಗಾಡಿಗಳಿಗೆ ರಸ್ತೆ ಬಂದ್ ಎಂಬ ಬೋರ್ಡ್ ಹತ್ತಿತು. ಲಾರಮಿಯಲ್ಲಿ ಒಂದೂವರೆ ದಿನ ಸುಮ್ನೆ ಕೂತೆ. ಆ ಟ್ರಿಪ್‌ನಲ್ಲಿ ಏನೂ ಉಳಿಯಲಿಲ್ಲ. ಆದರೂ ಕೂತಿದ್ದೇ ಸರಿ.

ಇನ್ನೊಂದು ಇಳಿಜಾರು. ನ್ಯಾಶ್‌ವಿಲ್‌ನಿಂದ ಚಟನೂಗಾಗೆ ಹೋಗುವ ಹೆದ್ದಾರಿ 24ರಲ್ಲಿ ಮಾಂಟೀಗಲ್ ಅಂತ ಒಂದು ಬೆಟ್ಟ ಸಿಗುತ್ತದೆ. ಉದ್ದಕ್ಕೂ ಇಳಿಯುತ್ತಲೇ ಹೋಗಬೇಕು, ಬ್ರೇಕ್ ಹೋದ ಲಾರಿಗಳು ನುಗ್ಗಲೆಂದು ಪಕ್ಕದಲ್ಲಿ ಜಲ್ಲಿಯ ರ‍್ಯಾಂಪ್‌ಗಳಿವೆ. ಮೊದಲ ಸಲ ಅದರ ನೆತ್ತಿಗೆ ಬಂದಾಗ ಅಪ್ಪನ ಮಾತು ನೆನಪಾಯಿತು: "ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಬ್ರೇಕ್ ನಿಲ್ಲಿಸೋದಕ್ಕೆ, ಇಳಿಯೋದಕ್ಕಲ್ಲ." ಚಿಕ್ಕವನಿದ್ದಾಗ ಬಸ್ಸಿನ ಇಂಜಿನ್ ಪಕ್ಕ ಕೂತು ಸಕಲೇಶಪುರ ದಾಟಿ ಇಳಿಯುವಾಗ ಎಷ್ಟೋ ಸಲ ಕೇಳಿದ್ದ ಮಾತು. ಗೇರ್ ಇಳಿಸಿದೆ, ಇಂಜಿನ್ ಗುಂಯ್ ಅನ್ನುತ್ತಾ ಗಾಡಿಯನ್ನು ಹಿಡಿದುಕೊಂಡಿತು. ಕೆಳಗೆ ಬಂದ ಮೇಲೆ ಅಕ್ಕನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂತ ಕೇಳಿದಳು. ಆಮೇಲೆ ಈ ಕೆಲಸ ಬಿಡು ಅಂತ ಅವಳು ಹೇಳಿಲ್ಲ.

ತೆರಿಗೆ ಬಗ್ಗೆ ಒಂದು ಮಾತು. ಕಂಪನಿ ನಮ್ಮನ್ನು ನೌಕರರೆಂದು ಇಟ್ಟುಕೊಳ್ಳುವುದಿಲ್ಲ. ನಾವು ಸ್ವತಂತ್ರ ಗುತ್ತಿಗೆಯವರು. ತೆರಿಗೆ ಹಿಡಿಯದೆ ಚೆಕ್ ಕೊಡುತ್ತಾರೆ, ಅದೆಲ್ಲ ನಮ್ಮದೇ ಅಂದುಕೊಂಡರೆ ತೆರಿಗೆ ಲೆಕ್ಕ ಕೊಡುವ ಏಪ್ರಿಲ್‌ನಲ್ಲಿ ಕಷ್ಟ. ಖರ್ಚು ಕಳೆದ ಲಾಭದ ಮೇಲೆ ಆದಾಯ ತೆರಿಗೆಯಲ್ಲದೆ ಸ್ವಯಂ ಉದ್ಯೋಗದ ತೆರಿಗೆ 15.3 ಪರ್ಸೆಂಟ್ ದರದಲ್ಲಿ ಬೀಳುತ್ತದೆ, ವರ್ಷಕ್ಕೆ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಪ್ರತಿ ರಸೀದಿಯನ್ನೂ ಅಲ್ಲೇ ಫೋಟೋ ತೆಗೆದಿಡುತ್ತೇನೆ. ಮೂರನೇ ಒಂದು ಭಾಗ ಬೇರೆ ಖಾತೆಗೆ ಹಾಕಿ ಮರೆತುಬಿಡುತ್ತೇನೆ.

ಈ ಕೆಲಸ ಪ್ರತಿ ವರ್ಷ ಒಂದೇ ಥರ ಇರುವುದಿಲ್ಲ. ನಾನು ಶುರು ಮಾಡಿದ 2021ರಲ್ಲಿ ಕೋವಿಡ್‌ನಿಂದಾಗಿ ಎಲ್ಲರಿಗೂ ಆರ್‌ವಿ ಬೇಕಿತ್ತು. ಆ ವರ್ಷ ಕಾರ್ಖಾನೆಗಳಿಂದ 6 ಲಕ್ಷ ಗಾಡಿ ಹೊರಟವು, ಅದೊಂದು ದಾಖಲೆ. 2023ಕ್ಕೆ ಅದು 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಬಡ್ಡಿ ಏರಿತ್ತು, ಡೀಲರ್‌ಗಳ ಅಂಗಳ ತುಂಬಿತ್ತು. ಫೋನ್ ಮಾಡಿದರೆ "ಈ ವಾರ ಏನೂ ಇಲ್ಲ" ಅನ್ನುತ್ತಿದ್ದರು. ಪಿಕಪ್ ಸಾಲ ಮಾಡಿದ್ದ ಇಬ್ಬರು ಪರಿಚಯದವರು ಆಗ ಗಾಡಿ ಮಾರಿದರು. ನನಗೆ ಕಂತು ಇರಲಿಲ್ಲ, ಮನೆಯಲ್ಲಿದ್ದೆ ಅಷ್ಟೆ. ಬಾಡಿಗೆ, ಸಾಲ, ಮಕ್ಕಳ ಓದು ಇಂಥದ್ದಕ್ಕೆ ಈ ದುಡ್ಡನ್ನೇ ನಂಬಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ.

2022ರಲ್ಲಿ ನಾನು ಮಾಡಿದ್ದು 31 ಟ್ರಿಪ್. ಬಂದ ಚೆಕ್‌ಗಳು ಸುಮಾರು 24 ಸಾವಿರ ಡಾಲರ್, ತೆರಿಗೆಗೆ ಮುಂಚೆ ಉಳಿದಿದ್ದು 10 ಸಾವಿರದ ಹತ್ತಿರ. ವಿಮೆಯ ಕಂತು, ಮನೆ ತೆರಿಗೆ ಅದರಲ್ಲಿ ನಡೆಯಿತು, ಪಿಂಚಣಿಯನ್ನು ಮುಟ್ಟಬೇಕಾಗಲಿಲ್ಲ. ಈಗ ತಿಂಗಳಿಗೆ ಎರಡೋ ಮೂರೋ ಟ್ರಿಪ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಮದಲ್ಲಿ ಓಡಿಸುವುದಿಲ್ಲ. ಬಿಪಿ ಹತೋಟಿಯಲ್ಲಿದೆ, ಮುಂದಿನ ಮೆಡಿಕಲ್ ಜೂನ್‌ನಲ್ಲಿ.