‘ಸಂಶೋಧನೆ ಪ್ರಕಾರ’ ಅಂತ ಶುರುವಾಗೋ ನೆಮ್ಮದಿ ಸುದ್ದೀನ ಓದೋದು ಹೇಗೆ

‘ದುಡ್ಡಿಂದ ಸುಖ ಸಿಗಲ್ಲ, ಸಂಶೋಧನೆಯಲ್ಲಿ ಸಾಬೀತು’ ಅಂತ ಒಂದು ಫಾರ್ವರ್ಡ್ ಬರುತ್ತೆ. ನಾಲ್ಕು ತಿಂಗಳು ಬಿಟ್ಟು ‘ದುಡ್ಡು ಜಾಸ್ತಿ ಆದಷ್ಟೂ ಸುಖ ಜಾಸ್ತಿ, ಹೊಸ ಸಂಶೋಧನೆ’ ಅಂತ ಇನ್ನೊಂದು. ತಮಾಷೆ ಏನಂದ್ರೆ ಎರಡನ್ನೂ ಕಳಿಸಿದವರು ಒಬ್ಬರೇ, ಎರಡಕ್ಕೂ ಕೈ ಮುಗಿಯೋ ಇಮೋಜಿ ಹಾಕಿದವರೂ ಅವರೇ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ. ನಾನೂ ಬಹಳ ವರ್ಷ ಹಾಗೇ ಇದ್ದೆ, ಅದಕ್ಕೇ ಬೈಯೋಕೆ ಹೋಗಲ್ಲ. ಈಗ ಇಂಥ ಸುದ್ದಿ ಬಂದ್ರೆ ಒಂದು ಕ್ರಮ ಇಟ್ಕೊಂಡಿದೀನಿ, ಅದನ್ನೇ ಇಲ್ಲಿ ಬರೀತಿದೀನಿ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರಬೇಕು ಅಂತೇನಿಲ್ಲ, ಹತ್ತು ನಿಮಿಷ ತಾಳ್ಮೆ ಇದ್ರೆ ಸಾಕು.

ಮೊದಲನೇ ಕೆಲಸ, ರಿಸಲ್ಟ್ ಓದಬೇಡಿ. ಜನಕ್ಕೆ ಏನಂತ ಪ್ರಶ್ನೆ ಕೇಳಿದ್ರು ಅನ್ನೋದನ್ನ ಹುಡುಕಿ. ಮಿಕ್ಕಿದ್ದೆಲ್ಲ ಆಮೇಲೆ.

ಯಾಕಂದ್ರೆ ‘ಸುಖ’ನ ಅಳೆಯೋಕೆ ಥರ್ಮಾಮೀಟರ್ ಇಲ್ಲ, ಜನರನ್ನ ಕೇಳ್ಲೇಬೇಕು, ಕೇಳೋ ರೀತಿ ಬದಲಾದ್ರೆ ಉತ್ತರಾನೂ ಬದಲಾಗುತ್ತೆ. ಮುಖ್ಯವಾಗಿ ಮೂರು ಥರ ಕೇಳ್ತಾರೆ. ಒಂದು, ಒಟ್ಟಾರೆ ನಿಮ್ಮ ಬದುಕು ಹೇಗಿದೆ ಅಂತ. ಇನ್ನೊಂದು, ನಿನ್ನೆ ದಿನ ನಕ್ಕಿದ್ರಾ, ಚಿಂತೆ ಇತ್ತಾ, ಸಿಟ್ಟು ಬಂದಿತ್ತಾ ಅಂತ. ಮೂರನೇದು, ಫೋನಿಗೆ ಯಾವುದೋ ಹೊತ್ತಲ್ಲಿ ಒಂದು ನೋಟಿಫಿಕೇಶನ್ ಕಳಿಸಿ ‘ಈ ಕ್ಷಣ ಹೇಗನಿಸ್ತಿದೆ’ ಅಂತ. ಈ ಮೂರಕ್ಕೂ ಒಬ್ಬನೇ ಮನುಷ್ಯ ಮೂರು ಥರ ಉತ್ತರ ಕೊಡಬಹುದು, ಅದರಲ್ಲಿ ಸುಳ್ಳೇನೂ ಇಲ್ಲ. ಸಣ್ಣ ಮಗು ಇರೋ ಅಪ್ಪ ಅಮ್ಮಂದಿರನ್ನ ಕೇಳಿ ನೋಡಿ, ಬದುಕು ಹೇಗಿದೆ ಅಂದ್ರೆ ತುಂಬಾ ಚೆನ್ನಾಗಿದೆ ಅಂತಾರೆ, ನಿನ್ನೆ ರಾತ್ರಿ ಹೇಗಿತ್ತು ಅಂದ್ರೆ ಮಾತೇ ಬೇಡ.

ಪ್ರತಿ ವರ್ಷ ಮಾರ್ಚಲ್ಲಿ ‘ಜಗತ್ತಿನ ಅತ್ಯಂತ ಸಂತೋಷದ ದೇಶ’ ಅಂತ ಬರುತ್ತಲ್ಲ, 2018ರಿಂದ ಫಿನ್‌ಲ್ಯಾಂಡೇ ಮೊದಲು ಬರ್ತಿದೆಯಲ್ಲ, ಅದರ ಹಿಂದಿರೋದು ಒಂದೇ ಒಂದು ಪ್ರಶ್ನೆ. ಒಂದು ಏಣಿ ಇದೆ ಅಂದ್ಕೊಳ್ಳಿ, ಕೆಳಗಿನ ಮೆಟ್ಟಿಲು 0, ಮೇಲಿನದು 10, ಮೇಲಿನದು ಅಂದ್ರೆ ನಿಮಗೆ ಸಿಗಬಹುದಾದ ಅತಿ ಒಳ್ಳೇ ಬದುಕು, ಕೆಳಗಿನದು ಅತಿ ಕೆಟ್ಟ ಬದುಕು, ಈಗ ಯಾವ ಮೆಟ್ಟಿಲ ಮೇಲೆ ನಿಂತಿದೀರಿ ಅನ್ಸುತ್ತೆ? ಅಷ್ಟೇ. ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನೋರು 1965ರಲ್ಲಿ ಹೊರತಂದ ಪ್ರಶ್ನೆ ಇದು. ಇದರಲ್ಲಿ ನಗು ಎಲ್ಲಿದೆ, ಖುಷಿ ಅನ್ನೋ ಪದ ಎಲ್ಲಿದೆ? ಹಾಗಾಗಿ ‘ಫಿನ್‌ಲ್ಯಾಂಡಿನವರು ನಗೋದೇ ಇಲ್ಲ, ಅವರು ಹೇಗೆ ಫಸ್ಟು’ ಅಂತ ವಾದ ಮಾಡೋರಿಗೂ, ‘ಅಲ್ಲಿನವರು ಸದಾ ಖುಷಿ’ ಅನ್ನೋರಿಗೂ ಉತ್ತರ ಒಂದೇ, ಅವರನ್ನ ಅದನ್ನ ಕೇಳಿಯೇ ಇಲ್ಲ. ಇದರ ಮೇಲೆ ಬ್ರಿಟನ್ನಿನ ಜನರ ಹತ್ರ ಮಾಡಿದ ಒಂದು ಪರೀಕ್ಷೆ 2024ರಲ್ಲಿ ಪ್ರಕಟವಾಯ್ತು, ಏಣಿ ಹೋಲಿಕೆ ಇಟ್ಟು ಕೇಳಿದ್ರೆ ಜನ ಜಾಸ್ತಿ ದುಡ್ಡು, ಅಧಿಕಾರದ ಬಗ್ಗೆ ಯೋಚಿಸ್ತಾರೆ, ಏಣೀನ ತೆಗೆದು ಕೇಳಿದ್ರೆ ಅದು ಕಮ್ಮಿ ಆಗುತ್ತೆ ಅಂತ ಬಂತು. ಏಣಿ ಅಂದ ಕೂಡಲೇ ಯಾರು ಮೇಲಿದಾರೆ, ಯಾರು ಕೆಳಗಿದಾರೆ ಅಂತಾನೇ ತಲೆ ಓಡೋದು ಸಹಜ ತಾನೇ. ಇನ್ನೊಂದು ವಿಷಯ, ಒಂದು ದೇಶದಲ್ಲಿ ವರ್ಷಕ್ಕೆ ಸುಮಾರು 1000 ಜನರನ್ನ ಕೇಳಿ ಮೂರು ವರ್ಷದ ಸರಾಸರಿ ತಗೋತಾರೆ, ಹಾಗಾಗಿ ನಿಮ್ಮ ದೇಶ ಎರಡು ಸ್ಥಾನ ಮೇಲೆ ಹೋಯ್ತು ಕೆಳಗೆ ಬಂತು ಅಂತ ಟಿವಿಯಲ್ಲಿ ಕಿರುಚಾಡಿದ್ರೆ ತಲೆ ಕೆಡಿಸ್ಕೋಬೇಡಿ.

ಈಗ ಆ ದುಡ್ಡಿನ ಕಥೆಗೆ ಬರ್ತೀನಿ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಪ್ರಶ್ನೆ ಎಷ್ಟು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. 2010ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದ ಸರ್ವೇಲಿ ಬಂದ 4,50,000 ಉತ್ತರಗಳನ್ನ ನೋಡಿ ಒಂದು ಪೇಪರ್ (ಸಂಶೋಧನಾ ಲೇಖನ) ಬರೆದ್ರು. ದಿನದಿನದ ಭಾವನೆ ಸುಧಾರಿಸೋದು ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದವರೆಗೆ, ಆಮೇಲೆ ಗ್ರಾಫಿನ ಗೆರೆ ಚಪ್ಪಟೆ ಅಂತ. ಅದೇ ಪೇಪರಲ್ಲಿ ಇನ್ನೊಂದು ಮಾತೂ ಇತ್ತು, ಏಣಿ ಪ್ರಶ್ನೆಗೆ ಬರೋ ಉತ್ತರ ಮಾತ್ರ ಆದಾಯ ಏರಿದ ಹಾಗೆ ಏರ್ತಾನೇ ಹೋಗುತ್ತೆ ಅಂತ. ಪೇಪರಿನ ಈ ಅರ್ಧ ಹೆಚ್ಚಿನ ಹೆಡ್‌ಲೈನಿಗೆ ಬರ್ಲಿಲ್ಲ, ‘75,000’ ಅನ್ನೋ ನಂಬರ್ ಮಾತ್ರ ಊರೆಲ್ಲ ಸುತ್ತಿತು.

2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನೋ ಸಂಶೋಧಕರು ಫೋನ್ ಆ್ಯಪ್ ಇಟ್ಟು 33,391 ಉದ್ಯೋಗಿಗಳಿಗೆ ದಿನದಲ್ಲಿ ಯಾವಾಗ್ಯಾವಾಗಲೋ ‘ಈಗ ಹೇಗನಿಸ್ತಿದೆ’ ಅಂತ ಕೇಳ್ತಾ 17 ಲಕ್ಷಕ್ಕೂ ಜಾಸ್ತಿ ಉತ್ತರ ಕೂಡಿಸಿದ್ರು, ಗೆರೆ ಎಲ್ಲೂ ಚಪ್ಪಟೆ ಆಗ್ಲಿಲ್ಲ. ಇಬ್ಬರೂ ಸರಿ ಇರೋಕೆ ಹೇಗೆ ಸಾಧ್ಯ? ಇಲ್ಲಿ ಜಗಳ ಆಡೋ ಬದಲು ಕಾನೆಮನ್, ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಒಟ್ಟಿಗೆ ಕೂತ್ರು, ಮನಶ್ಶಾಸ್ತ್ರಜ್ಞೆ ಬಾರ್ಬರಾ ಮೆಲ್ಲರ್ಸ್ ಮಧ್ಯಸ್ಥಿಕೆ ವಹಿಸಿದ್ರು, 2023ರಲ್ಲಿ ಮೂವರೂ ಸೇರಿ ಪೇಪರ್ ಬರೆದ್ರು. ಗುಟ್ಟು ಇದ್ದಿದ್ದು ಪ್ರಶ್ನೇಲೇ. 2010ರ ಪ್ರಶ್ನೆಗಳಿಗೆ ಉತ್ತರ ‘ಹೌದು’ ಅಥವಾ ‘ಇಲ್ಲ’ ಮಾತ್ರ. ನಿನ್ನೆ ಖುಷಿಯಾಗಿದ್ರಾ ಅಂದ್ರೆ ಬಹುಪಾಲು ಜನ ಹೌದು ಅಂದುಬಿಡ್ತಾರೆ. ಅಲ್ಲಿಗೆ ಆ ಅಳತೆಗೋಲು ಮುಗೀತು, ಅದಕ್ಕಿಂತ ಮೇಲೆ ಖುಷಿ ಎಷ್ಟಿದೆ ಅಂತ ಅಳೆಯೋಕೆ ಅದರಲ್ಲಿ ಜಾಗಾನೇ ಇಲ್ಲ. ಅಂದ್ರೆ ಆ ಪ್ರಶ್ನೆಗಳು ಅಳೀತಿದ್ದಿದ್ದು ಸಂತೋಷಾನಲ್ಲ, ಸಂಕಟಾನ. ಫೋನಿನ ಡೇಟಾದಲ್ಲಿ ಅತಿ ಕಮ್ಮಿ ಖುಷಿ ಇರೋ ಸುಮಾರು 20 ಪರ್ಸೆಂಟ್ ಜನರನ್ನ ಮಾತ್ರ ಬೇರೆ ಮಾಡಿ ನೋಡಿದಾಗ ಅವರಲ್ಲಿ ಗೆರೆ ಸುಮಾರು 1,00,000 ಡಾಲರ್ ಹತ್ರ ಚಪ್ಪಟೆ ಆಗಿತ್ತು, ಮಿಕ್ಕವರಲ್ಲಿ ಆಗ್ಲಿಲ್ಲ. ಮನೇಲಿ ಸಾವು, ಮುರಿದ ಸಂಬಂಧ, ಖಿನ್ನತೆ, ಇಂಥದ್ದಕ್ಕೆ ಒಂದು ಮಟ್ಟದ ಮೇಲೆ ಸಂಬಳ ಏನೂ ಮಾಡಲ್ಲ ಅಂತ ಅವರು ವಿವರಣೆ ಕೊಡ್ತಾರೆ, ನನಗಂತೂ ಒಪ್ಪಿಗೆ ಆಯ್ತು.

ಒಂದು ಹುಷಾರು ಇದೆ, ಇಲ್ಲೆಲ್ಲ ಆದಾಯದ ಲೆಕ್ಕ ಕೂಡಿಸೋದರಲ್ಲಲ್ಲ, ದುಪ್ಪಟ್ಟು ಮಾಡೋದರಲ್ಲಿ. 20,000 ಇದ್ದಿದ್ದು 40,000 ಆದಾಗ ಎಷ್ಟು ಏರುತ್ತೋ ಹೆಚ್ಚುಕಮ್ಮಿ ಅಷ್ಟೇ ಏರೋಕೆ 1,00,000 ಇರೋನಿಗೆ 2,00,000 ಆಗ್ಬೇಕು. ಗ್ರಾಫ್ ನೋಡುವಾಗ ಕೆಳಗಿನ ಗೆರೇಲಿ ನಂಬರ್‌ಗಳು ಸಮ ಅಂತರದಲ್ಲಿ ಇದಾವಾ ಇಲ್ಲಾ ದುಪ್ಪಟ್ಟಾಗ್ತಾ ಹೋಗ್ತಿದಾವಾ ನೋಡ್ಕೊಳ್ಳಿ.

ಎರಡನೇ ಕೆಲಸ, ಯಾರು ಉತ್ತರ ಕೊಟ್ರು ಅನ್ನೋದಲ್ಲ, ಯಾರು ಉತ್ತರ ಕೊಡ್ಲಿಲ್ಲ ಅಂತ ನೋಡಿ. ಇದನ್ನ ಕಲ್ತಿದ್ದು ಫಿನ್‌ಲ್ಯಾಂಡಿನ ಮೂಲ ಆದಾಯ ಪ್ರಯೋಗದಿಂದ. 2017 ಮತ್ತು 2018ರಲ್ಲಿ ಅಲ್ಲಿನ ಸರ್ಕಾರ ಕೆಲಸ ಇಲ್ಲದ 2000 ಜನಕ್ಕೆ, ಚೀಟಿ ಎತ್ತಿದ ಹಾಗೆ ಆರಿಸಿ, ತಿಂಗಳಿಗೆ 560 ಯೂರೋ ಕೊಟ್ಟಿತು, ಕೆಲಸ ಸಿಕ್ಕಿದ್ರೂ ನಿಲ್ಲಿಸಲ್ಲ ಅಂತ ಹೇಳಿ. ಕೊನೇಲಿ ಫೋನ್ ಮಾಡಿ ಕೇಳಿದಾಗ ದುಡ್ಡು ಸಿಕ್ಕವರ ಬದುಕಿನ ತೃಪ್ತಿ 10ಕ್ಕೆ 7.3, ಸಿಗದವರದ್ದು 6.8. ಚೆನ್ನಾಗಿದೆ. ಆದ್ರೆ ಫೋನ್ ಎತ್ತಿ ಉತ್ತರ ಕೊಟ್ಟವರು ಒಟ್ಟು 23 ಪರ್ಸೆಂಟ್ ಅಷ್ಟೇ, ಅದರಲ್ಲೂ ದುಡ್ಡು ಸಿಕ್ಕವರ ಕಡೆ 31, ಸಿಗದವರ ಕಡೆ 20. ಫೋನ್ ಎತ್ತದವರು ಸುಖವಾಗಿದ್ರಾ, ಇಲ್ಲಾ ಮಾತಾಡೋಕೂ ಮನಸಿಲ್ಲದಷ್ಟು ಸೋತಿದ್ರಾ? ಚೀಟಿ ಎತ್ತಿ ಕಷ್ಟಪಟ್ಟು ತಂದ ಸಮತೋಲನ ಫೋನ್ ಹತ್ರ ಬಂದಾಗ ಅರ್ಧ ಕರಗಿಹೋಯ್ತು. ಇದೇ ಪ್ರಯೋಗದಲ್ಲಿ ಉದ್ಯೋಗದ ಲೆಕ್ಕ ಮಾತ್ರ ಸರ್ಕಾರಿ ದಾಖಲೆಗಳಿಂದ ತಗೊಂಡ್ರು, ಅಲ್ಲಿ ಯಾರೂ ಫೋನ್ ಎತ್ತಬೇಕಾಗಿಲ್ಲ, ಆ ಲೆಕ್ಕದಲ್ಲಿ ದುಡ್ಡು ಸಿಕ್ಕವರು ಎರಡನೇ ವರ್ಷದಲ್ಲಿ ಸುಮಾರು 6 ದಿನ ಜಾಸ್ತಿ ಕೆಲಸ ಮಾಡಿದ್ರು. ಅದರಲ್ಲೂ ಒಂದು ಕೊಕ್ಕೆ, 2018ರ ಶುರುವಲ್ಲಿ ನಿರುದ್ಯೋಗ ಭತ್ಯೆಯ ನಿಯಮಾನೇ ಬದಲಾಯ್ತು, ಅದು ಎರಡೂ ಗುಂಪಿಗೆ ಒಂದೇ ಥರ ತಟ್ಟಲಿಲ್ಲ. ‘ಮೂಲ ಆದಾಯ ಗೆದ್ದಿತು’, ‘ಮೂಲ ಆದಾಯ ಸೋತಿತು’ ಎರಡೂ ಹೆಡ್‌ಲೈನ್ ಬಂದಿದ್ದು ಇದೇ ರಿಪೋರ್ಟಿಂದ.

ಮೂರನೇದು, ಯಾರ ಜೊತೆ ಹೋಲಿಸಿದ್ರು. ‘ಧ್ಯಾನ ಮಾಡೋರು ಜಾಸ್ತಿ ನೆಮ್ಮದಿಯಾಗಿರ್ತಾರೆ’ ಅಂದ್ರೆ ಧ್ಯಾನದಿಂದ ನೆಮ್ಮದಿ ಬಂತಾ, ನೆಮ್ಮದಿ ಇರೋರೇ ಧ್ಯಾನಕ್ಕೆ ಕೂತ್ರಾ? ಇದನ್ನ ಬಾಯಿಮಾತಲ್ಲಿ ಎಲ್ಲರೂ ಹೇಳ್ತಾರೆ, ಆದ್ರೆ ಕಣ್ಣಾರೆ ನೋಡ್ಬೇಕು ಅಂದ್ರೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ನೋಡಿ. ಸುಮಾರು 5000 ನೌಕರರನ್ನ ಚೀಟಿ ಎತ್ತಿ ಎರಡು ಭಾಗ ಮಾಡಿ ಒಂದು ಭಾಗಕ್ಕೆ ಮಾತ್ರ ವೆಲ್‌ನೆಸ್ (ನೌಕರರ ಆರೋಗ್ಯ ಸುಧಾರಿಸೋ) ಕಾರ್ಯಕ್ರಮಕ್ಕೆ ಸೇರೋ ಅವಕಾಶ ಕೊಟ್ರು. ಆಮೇಲೆ ಲೆಕ್ಕಾನ ಎರಡು ಥರ ಹಾಕಿದ್ರು. ಸೇರಿದವರು, ಸೇರದವರು ಅಂತ ಹೋಲಿಸಿದಾಗ ಸೇರಿದವರ ಆಸ್ಪತ್ರೆ ಖರ್ಚು ಕಮ್ಮಿ, ಜಿಮ್‌ಗೆ ಹೋಗೋದು ಜಾಸ್ತಿ, ಆಹಾ ಎಂಥ ಕಾರ್ಯಕ್ರಮ ಅನ್ನಿಸ್ಬೇಕು. ಅವೇ ಜನ, ಅದೇ ಕಾರ್ಯಕ್ರಮ, ಆದ್ರೆ ಚೀಟಿ ಪ್ರಕಾರ, ಅಂದ್ರೆ ಅವಕಾಶ ಸಿಕ್ಕವರು, ಸಿಗದವರು ಅಂತ ಹೋಲಿಸಿದಾಗ ಅವೆರಡರಲ್ಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸಾನೇ ಇಲ್ಲ. ಮೊದಲೇ ಜಿಮ್‌ಗೆ ಹೋಗ್ತಿದ್ದವರೇ ಓಡಿಬಂದು ಸೇರಿದ್ರು, ಅಷ್ಟೇ. ಆಫೀಸಲ್ಲಿ ಮೈಂಡ್‌ಫುಲ್‌ನೆಸ್ ವೆಬಿನಾರ್ ಅಂತ ಕರೆದಾಗಲೆಲ್ಲ ನನಗೆ ಇದೇ ನೆನಪಾಗುತ್ತೆ. 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಡೇಟಾ ನೋಡಿದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಕೂಡ ಇಂಥ ಕಾರ್ಯಕ್ರಮಕ್ಕೆ ಹೋದವರು ಹೋಗದವರಿಗಿಂತ ಚೆನ್ನಾಗಿರಲಿಲ್ಲ ಅಂತ ಬರೆದ್ರು, ಸ್ವಯಂಸೇವೆಗೆ ಅವಕಾಶ ಕೊಡೋದು ಒಂದು ಮಾತ್ರ ಬೇರೆ ಕಂಡಿತು. ಇಲ್ಲಿ ಚೀಟಿ ಎತ್ತಿರಲಿಲ್ಲ, ಹಾಗಾಗಿ ನಮಗೆ ಇಷ್ಟವಾದ ರಿಸಲ್ಟ್ ಅಂತ ಇದಕ್ಕೆ ವಿನಾಯ್ತಿ ಕೊಡೋ ಹಾಗಿಲ್ಲ.

ಸರ್ಕಾರಿ ಯೋಜನೆ ಸುದ್ದಿ ಆದ್ರೆ ಯಾವ ಫಲಿತಾಂಶ ಎತ್ತಿ ಹಿಡಿದಿದಾರೆ ಅಂತಾನೂ ನೋಡಿ. ಅಮೆರಿಕದ ಆರೆಗನ್ ರಾಜ್ಯ 2008ರಲ್ಲಿ ಬಡವರ ಆರೋಗ್ಯ ವಿಮೆಗೆ ಜಾಗ ಸಾಲದೆ ಲಾಟರಿ ಎತ್ತಿತು, ಅರ್ಜಿ ಹಾಕಿದವರು 90,000ದಷ್ಟು ಜನ. ಸುಮಾರು ಎರಡು ವರ್ಷದ ಮೇಲೆ ನೋಡಿದ್ರೆ ವಿಮೆ ಸಿಕ್ಕವರಲ್ಲಿ ಖಿನ್ನತೆ 30 ಪರ್ಸೆಂಟ್ ಕಮ್ಮಿ, ಆದ್ರೆ ಬಿಪಿ, ಕೊಲೆಸ್ಟ್ರಾಲಲ್ಲಿ ಗಟ್ಟಿಯಾಗಿ ಹೇಳೋ ಅಂಥ ಬದಲಾವಣೆ ಇಲ್ಲ. ಯೋಜನೆ ಇಷ್ಟ ಇದ್ದವರು ಮೊದಲನೇದು ಬರೆದ್ರು, ಇಷ್ಟ ಇಲ್ಲದವರು ಎರಡನೇದು ಬರೆದ್ರು.

ನಾಲ್ಕನೇದು, ಎಷ್ಟು ದೊಡ್ಡ ವ್ಯತ್ಯಾಸ. ‘ಸಂಬಂಧ ಕಂಡುಬಂದಿದೆ’ ಅನ್ನೋ ಪದ ನೋಡಿದ ಕೂಡಲೇ ನಂಬರ್ ಹುಡುಕಿ. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಅನ್ನೋ ಸಂಶೋಧಕರು ಮೂರುವರೆ ಲಕ್ಷಕ್ಕೂ ಜಾಸ್ತಿ ಹದಿಹರೆಯದವರ ಡೇಟಾ ನೋಡಿದ್ರು. ಅವರ ನೆಮ್ಮದಿಯಲ್ಲಿ ಒಬ್ಬರಿಂದೊಬ್ಬರಿಗೆ ಇರೋ ವ್ಯತ್ಯಾಸದಲ್ಲಿ ಸ್ಕ್ರೀನ್ ಬಳಕೆ ವಿವರಿಸೋದು ಹೆಚ್ಚಂದ್ರೆ 0.4 ಪರ್ಸೆಂಟ್, ಕನ್ನಡಕ ಹಾಕೋದಕ್ಕಿದ್ದ ಸಂಬಂಧ ಅದಕ್ಕಿಂತ ಜಾಸ್ತಿ ಇತ್ತು. ಹಾಗಂತ ಫೋನ್ ಏನೂ ಮಾಡಲ್ಲ ಅಂತಾನೂ ಅಲ್ಲ, ಸರಾಸರಿ ಒಳಗೆ ಕೆಲವು ಮಕ್ಕಳ ಕಷ್ಟ ಮುಚ್ಚಿಹೋಗಿರಬಹುದು. 2018ರಲ್ಲಿ ಅಮೆರಿಕದಲ್ಲಿ ದೊಡ್ಡವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಂದ್ ಮಾಡಿಸಿದಾಗ ನೆಮ್ಮದಿ ಸ್ವಲ್ಪ ಏರಿತು, ಜೊತೆಗೆ ದಿನಕ್ಕೆ ಒಂದು ಗಂಟೆ ಉಳೀತು. ಆ ಒಂದು ಗಂಟೇನೇ ದೊಡ್ಡ ಲಾಭ ಅಂತ ನನ್ನ ಅನಿಸಿಕೆ.

ಐದನೇದು, ಇದನ್ನ ಮತ್ತೆ ಯಾರಾದ್ರೂ ಮಾಡಿ ನೋಡಿದ್ರಾ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನ ಮತ್ತೆ ಮಾಡಿದಾಗ ಸ್ಪಷ್ಟ ರಿಸಲ್ಟ್ ಬಂದಿದ್ದು 36 ಪರ್ಸೆಂಟಲ್ಲಿ ಮಾತ್ರ, ಮೂಲದಲ್ಲಿ 97 ಪರ್ಸೆಂಟ್ ಇತ್ತು. ‘ಲಾಟರಿ ಹೊಡೆದವರೂ ಅಪಘಾತದಲ್ಲಿ ಕಾಲು ಕಳ್ಕೊಂಡವರೂ ಕೊನೆಗೆ ಅಷ್ಟೇ ಸುಖ’ ಅಂತ ಭಾಷಣಗಳಲ್ಲಿ ಹೇಳ್ತಾರಲ್ಲ, ಅದು 1978ರ ಪೇಪರ್, ಲಾಟರಿ ಗೆದ್ದವರು 22 ಜನ, ಅಪಘಾತ ಆಗಿ ಕೈಕಾಲು ಸ್ವಾಧೀನ ಕಳ್ಕೊಂಡವರು 29 ಜನ. ಅದರಲ್ಲೇ ಅಪಘಾತ ಆದವರ ಸುಖ ಎದ್ದುಕಾಣೋ ಹಾಗೆ ಕಮ್ಮಿ ಇತ್ತು, ‘ಅಷ್ಟೇ ಸುಖ’ ಅಂತ ಪೇಪರಲ್ಲಿ ಇಲ್ಲವೇ ಇಲ್ಲ! 2020ರಲ್ಲಿ ಬಂದ ಒಂದು ಪೇಪರ್ ಪ್ರಕಾರ, ಸ್ವೀಡನ್ನಿನಲ್ಲಿ ಲಾಟರಿ ಆಡಿದ ಸಾವಿರಾರು ಜನರನ್ನ 5ರಿಂದ 22 ವರ್ಷ ಆದ್ಮೇಲೆ ಕೇಳಿದಾಗ ದೊಡ್ಡ ಮೊತ್ತ ಗೆದ್ದವರಲ್ಲಿ ಬದುಕಿನ ತೃಪ್ತಿ ಇನ್ನೂ ಮೇಲೇ ಇತ್ತು, ಸುಖ ಎಷ್ಟು ಅನ್ನೋ ಪ್ರಶ್ನೆಗೆ ಮಾತ್ರ ಅಷ್ಟು ವ್ಯತ್ಯಾಸ ಬರ್ಲಿಲ್ಲ. ಮತ್ತೆ ಪ್ರಶ್ನೆಗೇ ಬಂದು ನಿಂತ್ವಿ ನೋಡಿ.

ಇನ್ನು ಪೇಪರ್ ಸಿಗೋದು ಹೇಗೆ ಅಂತ ಕೇಳ್ತೀರಿ. ಸುದ್ದೀಲಿ ಇರೋ ಸಂಶೋಧಕರ ಹೆಸರು ಮತ್ತು ವಿಷಯ ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರ್‌ನಲ್ಲಿ ಹಾಕಿ, ‘All versions’ (ಎಲ್ಲಾ ಆವೃತ್ತಿಗಳು) ಅನ್ನೋದನ್ನ ಒತ್ತಿದ್ರೆ ಬಹಳ ಸಲ ಫ್ರೀ ಪಿಡಿಎಫ್ ಸಿಗುತ್ತೆ, ಸಿಗದಿದ್ರೆ ಲೇಖಕರಿಗೆ ಎರಡು ಸಾಲು ಮೇಲ್ ಹಾಕಿ, ಎಷ್ಟೋ ಜನ ಸಂತೋಷವಾಗಿ ಕಳಿಸ್ತಾರೆ. ಸಿಕ್ಕಿದ್ಮೇಲೆ ಶುರುವಿನ ಸಾರಾಂಶ ಬಿಟ್ಟು ನೇರ ವಿಧಾನದ ಭಾಗಕ್ಕೆ ಹೋಗಿ. ಪ್ರಶ್ನೆಯ ಪೂರ್ತಿ ವಾಕ್ಯ ಅಲ್ಲಿಲ್ಲದಿದ್ರೆ ಅನುಬಂಧ ಅಂತ ಬೇರೆ ಫೈಲ್ ಇರುತ್ತೆ, ಯಾರೂ ತೆರೆಯದ ಫೈಲು ಅದು, ಸರ್ವೇ ಫಾರಂ ಇರೋದು ಸಾಮಾನ್ಯವಾಗಿ ಅದರಲ್ಲೇ. ತೆರೆದು, ಆ ಪ್ರಶ್ನೆಗಳಿಗೆ ಮೊದಲು ನೀವೇ ಉತ್ತರ ಕೊಟ್ಟು ನೋಡಿ, ಆಮೇಲೆ ರಿಸಲ್ಟ್ ಓದಿ.