61ನೆಯ ಜಿಗಿತ: ತಲೆಯ ಮೇಲೆ ಕ್ಯಾಮೆರಾ ಹೊತ್ತ ನನ್ನ ಅನುಭವ

ಕಳೆದ ದೀಪಾವಳಿಗೆ ಗೋಕಾಕದಿಂದ ಬೆಳಗಾವಿಯ ನಮ್ಮ ಮನೆಗೆ ಬಂದ ಅಕ್ಕನ ಮಗ, ಊಟಕ್ಕೆ ಕುಳಿತಾಗ ಚೀಲದಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆಕ್ಷನ್ ಕ್ಯಾಮೆರಾವೊಂದನ್ನು ತೆಗೆದು ತಟ್ಟೆಯ ಪಕ್ಕಕ್ಕಿಟ್ಟ. ಬರುವ ಬೇಸಿಗೆಯಲ್ಲಿ ಥಾಯ್ಲೆಂಡಿಗೆ ಹೋಗಿ ಸ್ಕೈಡೈವಿಂಗ್ ಕಲಿಯುವುದೆಂದು ಅವನು ನಿಶ್ಚಯಿಸಿದ್ದ. ತರಬೇತಿಗೆ ಇನ್ನೂ ಹಣ ಕಟ್ಟಿರಲಿಲ್ಲ, ಕ್ಯಾಮೆರಾ ಮಾತ್ರ ಆಗಲೇ ಕೊಂಡಾಗಿತ್ತು. "ಮಾಮಾ, ಇದನ್ನ ಹೆಲ್ಮೆಟ್ಟಿಗೆ ಹೆಂಗ ಕೂಡಸೂದು, ನೀವ ಹೇಳ್ರಿ" ಎಂದ. ಇನ್ನೂರು ಜಿಗಿತ ಮುಗಿಯುವವರೆಗೆ ಎಲ್ಲಿಯೂ ಕೂಡಿಸಬೇಡ ಎಂದೆ. ಅವನ ಮುಖ ಸಣ್ಣದಾಯಿತು. "ವಿಡಿಯೋ ಇಲ್ಲಂದ್ರ ನಾ ಜಿಗಿದೀನಿ ಅಂತ ಯಾರ್ ನಂಬತಾರ್ರಿ?" ಎಂದು ಕೇಳಿದ. ನನಗೆ ನಗಲಾಗಲಿಲ್ಲ, ಏಕೆಂದರೆ ಹಿಂದೊಮ್ಮೆ ನಾನೂ ಇದೇ ಪ್ರಶ್ನೆ ಕೇಳಿಕೊಂಡು, ಇದೇ ಕಾರಣಕ್ಕೆ ಕ್ಯಾಮೆರಾ ಹೊತ್ತು ವಿಮಾನದಿಂದ ಜಿಗಿದಿದ್ದೆ.

ನಾನು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಹೈಡ್ರಾಲಿಕ್ ಬಿಡಿಭಾಗಗಳ ವಿನ್ಯಾಸ ಮಾಡುವವನು. ಪ್ಯಾರಾಚೂಟ್ ಎಂದರೆ ಮರಾಠಾ ಲಘು ಪದಾತಿ ದಳದಿಂದ ಪ್ಯಾರಾ ಬೆಟಾಲಿಯನ್ನಿಗೆ ಹೋದವರ ಸಂಗತಿ ಎಂದೇ ಬೆಳಗಾವಿಯಲ್ಲಿ ಬೆಳೆದ ನಾನು ತಿಳಿದಿದ್ದೆ. 2014ರಿಂದ 2016ರವರೆಗೆ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದಾಗ, ಶನಿವಾರ ಭಾನುವಾರ ಮಾಡಲು ಬೇರೆ ಕೆಲಸವಿಲ್ಲದೆ, ಸಹೋದ್ಯೋಗಿಯೊಬ್ಬನ ಜೊತೆ ಈ ಆಟಕ್ಕೆ ಬಿದ್ದೆ. ಅಲ್ಲಿನ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ಕೊಡುವ ಪರವಾನಗಿಗಳು ಜಿಗಿತದ ಲೆಕ್ಕದ ಮೇಲೆ ನಡೆಯುತ್ತವೆ: 25 ಜಿಗಿತಕ್ಕೆ 'ಎ', 50ಕ್ಕೆ 'ಬಿ', 200ಕ್ಕೆ 'ಸಿ', 500ಕ್ಕೆ 'ಡಿ'. ಲೆಕ್ಕದ ಜೊತೆಗೆ ಪರೀಕ್ಷೆಗಳೂ ಇವೆ. ಕ್ಯಾಮೆರಾದ ವಿಷಯದಲ್ಲಿ ಸಂಘದ ಸಲಹೆ ಸ್ಪಷ್ಟವಾಗಿದೆ: ಜಿಗಿಯುವವನ ಬಳಿ 'ಸಿ' ಪರವಾನಗಿ ಇರಬೇಕು, ಮತ್ತು ಈಗ ಬಳಸುತ್ತಿರುವ ಅದೇ ಪ್ಯಾರಾಚೂಟಿನ ಮೇಲೆ ಇತ್ತೀಚೆಗೆ ಕನಿಷ್ಠ 50 ಜಿಗಿತ ಮಾಡಿರಬೇಕು. ಇದು ಸಲಹೆಯೇ ಹೊರತು ಕಟ್ಟುನಿಟ್ಟಿನ ಕಾನೂನಲ್ಲ, ಆದ್ದರಿಂದ ಪಾಲಿಸುವುದು ಬಿಡುವುದು ಆಯಾ ಜಿಗಿತದ ಮೈದಾನದವರಿಗೆ ಬಿಟ್ಟದ್ದು. ನಾನು ಕಲಿತ ಮೈದಾನದಲ್ಲಿ ಪಾಲಿಸುತ್ತಿದ್ದರು. ಹಾಗಾಗಿ, ಬುದ್ಧಿವಂತನೆಂದುಕೊಂಡ ನಾನು, ಯಾರೂ ಕೇಳದ ಇನ್ನೊಂದು ಸಣ್ಣ ಮೈದಾನಕ್ಕೆ ಹೋದೆ.

ಅದು ನನ್ನ 61ನೆಯ ಜಿಗಿತ. ಕ್ಯಾಮೆರಾ ಹಳೆಯದು, ಕವಚವೂ ಸೇರಿ ಸುಮಾರು 150 ಗ್ರಾಂ ತೂಕದ್ದು. ಅದನ್ನು ಹೆಲ್ಮೆಟ್ಟಿನ ಬಲಬದಿಗೆ ಅಂಟುಪಟ್ಟಿಯ ಮೇಲೆ ಕೂಡಿಸಿದ್ದೆ. ಎತ್ತರ ಇಳಿದಂತೆ ಕಿವಿಯಲ್ಲಿ ಸದ್ದು ಮಾಡಿ ಎಚ್ಚರಿಸುವ ಆಲ್ಟಿಮೀಟರನ್ನು ನಾನಿನ್ನೂ ಕೊಂಡಿರಲಿಲ್ಲ. ಅದಕ್ಕೆಂದು ತೆಗೆದಿಟ್ಟ ಹಣವೇ ಕ್ಯಾಮೆರಾಕ್ಕೆ ಹೋಗಿತ್ತು. ಎಡ ಮಣಿಕಟ್ಟಿನ ಮೇಲೆ ಮುಳ್ಳಿನ ಆಲ್ಟಿಮೀಟರ್ ಇತ್ತು, ಅದಷ್ಟೇ.

ವಿಮಾನ 13,000 ಅಡಿಗೆ ಏರುವಾಗ, ಬಾಗಿಲು ತೆರೆಯುವ ಮೊದಲು, ನಾನು ಪ್ರತಿ ಸಲ ಎದೆಯ ಪಟ್ಟಿ, ಕಾಲಿನ ಪಟ್ಟಿಗಳು, ಮುಖ್ಯ ಪ್ಯಾರಾಚೂಟನ್ನು ಕಳಚುವ ಹಿಡಿಕೆ, ಮೀಸಲು ಪ್ಯಾರಾಚೂಟಿನ ಹಿಡಿಕೆ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಂದು ಅದರ ಬದಲು ಪಕ್ಕದವನನ್ನು ಎರಡು ಸಲ ಕೇಳಿದ್ದು, "ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದೆಯೇ?" ಎಂದು. ದೀಪ ಉರಿಯುತ್ತಿತ್ತು. ಪಟ್ಟಿಗಳೂ ಸರಿಯಾಗಿಯೇ ಇದ್ದವು, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ನಾವು ಇಬ್ಬರೇ, ನಾನು ಮತ್ತು ನನ್ನ ಸಹೋದ್ಯೋಗಿ. 5,000 ಅಡಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ದೂರ ಸರಿಯುವುದು, 3,500 ಅಡಿಯಲ್ಲಿ ಪ್ಯಾರಾಚೂಟ್ ತೆರೆಯುವುದು ಎಂದು ನೆಲದ ಮೇಲೆ ಮಾತಾಡಿಕೊಂಡಿದ್ದೆವು. ಆ ವೇಗದ ಅಂದಾಜು ನಮ್ಮವರಿಗೆ ಹೀಗೆ ಕೊಡಬಹುದು: ಹೊಟ್ಟೆ ಕೆಳಗಾಗಿ ಬೀಳುವವನು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗ ತಲುಪುತ್ತಾನೆ, ಎಂದರೆ 52 ಮೀಟರ್ ಎತ್ತರದ ನಮ್ಮ ಗೋಕಾಕ ಜಲಪಾತದಷ್ಟು ದೂರವನ್ನು ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಇಳಿಯುತ್ತಾನೆ. ಮುಕ್ತ ಬೀಳುವಿಕೆ ಒಟ್ಟು ಸುಮಾರು 55 ಸೆಕೆಂಡು ಸಿಗುತ್ತದೆ. ನಾನು ಆ ಸೆಕೆಂಡುಗಳನ್ನೆಲ್ಲ ಗೆಳೆಯನನ್ನು ಚೌಕಟ್ಟಿನ ನಡುವೆ ಹಿಡಿದಿಡುವುದಕ್ಕೆ ಖರ್ಚು ಮಾಡಿದೆ. ಅವನು 5,000 ಅಡಿಯಲ್ಲಿ ತಿರುಗಿ ಸರಿಯತೊಡಗಿದಾಗ, ಅದು ನಾನೂ ತಿರುಗಬೇಕೆಂಬ ಸೂಚನೆ ಎಂಬುದು ಹೊಳೆಯಲೇ ಇಲ್ಲ. ಅವನ ಬೆನ್ನು, ಅದರಾಚೆ ಕಂದು ಬೆಟ್ಟಗಳು, ಒಳ್ಳೆಯ ದೃಶ್ಯ ಎಂದುಕೊಂಡು ಅವನ ಹಿಂದೆಯೇ ಹೋದೆ. ಅವನ ಪ್ಯಾರಾಚೂಟ್ ತೆರೆದು, ಅವನು ನನ್ನ ಕಣ್ಣೆದುರಿನಿಂದ ಮೇಲಕ್ಕೆ ಸೆಳೆದುಕೊಂಡವನಂತೆ ಮಾಯವಾದಾಗ ಮಣಿಕಟ್ಟು ನೋಡಿದೆ. ಮುಳ್ಳು 3,000 ಅಡಿಯಲ್ಲಿತ್ತು. ನಾನು ಅವನ ಹಿಂದೆ ಇರುವ ಬದಲು ನೇರ ಮೇಲೆ ಇದ್ದಿದ್ದರೆ, ತೆರೆಯುತ್ತಿರುವ ಅವನ ಪ್ಯಾರಾಚೂಟಿನ ಮೇಲೆಯೇ ಬೀಳುತ್ತಿದ್ದೆ.

ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪೈಲಟ್ ಚೂಟನ್ನು ಎಸೆದದ್ದು ಸುಮಾರು 2,400 ಅಡಿಯಲ್ಲಿ. 'ಬಿ' ಪರವಾನಗಿಯವನು 2,500 ಅಡಿಗಿಂತ ಕೆಳಗೆ ತೆರೆಯಬಾರದು. ಅಷ್ಟೇ ಆಗಿದ್ದರೆ ಸಣ್ಣ ತಪ್ಪು ಎನ್ನಬಹುದಿತ್ತು. ಆದರೆ ಗಾಬರಿಯ ನಡುವೆಯೂ, ಪ್ಯಾರಾಚೂಟ್ ಅರಳುವುದು ಕ್ಯಾಮೆರಾದಲ್ಲಿ ಸಿಗಲಿ ಎಂಬ ಚಪಲದಿಂದ, ತಲೆಯನ್ನು ಮೇಲಕ್ಕೂ ಬಲಕ್ಕೂ ತಿರುಗಿಸಿದೆ. ತಲೆಯ ಹಿಂದೆ ಭುಜ ಹೋಯಿತು, ಭುಜದ ಹಿಂದೆ ಮೈ ಹೋಯಿತು. ಬಟ್ಟೆ ಅರಳಿದಾಗ ಹಗ್ಗಗಳು ಮೂರು ಸುತ್ತು ಹುರಿಗೊಂಡಿದ್ದವು, ಬಲಗಿವಿಯ ಬಳಿ ಏನೋ ಜೋರಾಗಿ ಉಜ್ಜಿ ಹೋಗಿತ್ತು. ಎತ್ತರ ಆಗ 1,700 ಅಡಿ. ಕಳಚಿ ಮೀಸಲನ್ನು ತೆರೆಯುವ ತೀರ್ಮಾನವನ್ನು 1,800 ಅಡಿಗೆ ಮೊದಲೇ ಮಾಡಿರಬೇಕೆಂಬುದು ನಾನು ಬಾಯಿಪಾಠ ಮಾಡಿದ ಸಂಗತಿ. ತೀರ್ಮಾನದ ಎತ್ತರವೇ ದಾಟಿ ಹೋದವನಿಗೆ ತೀರ್ಮಾನ ಮಾಡುವುದೇನಿದೆ! ಸೈಕಲ್ ತುಳಿದಂತೆ ಗಾಳಿಯಲ್ಲಿ ಕಾಲು ಒದೆಯುತ್ತ ಹುರಿ ಬಿಡಿಸಿಕೊಂಡಾಗ 1,200 ಅಡಿಯೂ ಉಳಿದಿರಲಿಲ್ಲ. ಮೈದಾನ ತಲುಪಲಾಗದೆ ಒಣಹುಲ್ಲಿನ ಬಯಲಿನಲ್ಲಿ ಮೊಣಕಾಲೂರಿ ಇಳಿದೆ.

ಸಂಜೆ ವಿಡಿಯೋ ಹಾಕಿ ನೋಡಿದೆ. ಕ್ಯಾಮೆರಾದ ಕಣ್ಣು ಬಹಳ ಅಗಲವಾದದ್ದರಿಂದ, ಚೌಕಟ್ಟಿನ ಎಡ ಅಂಚಿನಲ್ಲಿ ಉದ್ದಕ್ಕೂ ನನ್ನದೇ ಕೈ ಇತ್ತು, ಕೈಯ ಮೇಲೆ ಆಲ್ಟಿಮೀಟರ್ ಇತ್ತು. ಮುಳ್ಳು 6,000 ಅಡಿ ದಾಟಿದ್ದು, 5,000ಕ್ಕೆ ಬಂದದ್ದು, 4,000ಕ್ಕೆ ಇಳಿದದ್ದು ಎಲ್ಲವನ್ನೂ ಕ್ಯಾಮೆರಾ ನೋಡಿತ್ತು, ನಾನು ನೋಡಿರಲಿಲ್ಲ. ಕೊನೆಯ ಬಾರಿ ಕೈ ನೋಡಿದ್ದಕ್ಕೂ ಮತ್ತೆ ನೋಡಿದ್ದಕ್ಕೂ ನಡುವೆ 17 ಸೆಕೆಂಡು. ಹೆಲ್ಮೆಟ್ ಕೈಗೆತ್ತಿಕೊಂಡು ನೋಡಿದರೆ ಅಂಟುಪಟ್ಟಿ ಒಂದು ಕಡೆ ಎದ್ದಿತ್ತು, ಕವಚದ ಮೇಲೆ ಹಗ್ಗ ಉಜ್ಜಿದ ಬಿಳಿಯ ಗೀರು ಇತ್ತು.

ಆ ಗೀರಿನ ಬಗ್ಗೆ ಸ್ವಲ್ಪ ವಿವರಿಸಬೇಕು, ಏಕೆಂದರೆ ಕ್ಯಾಮೆರಾ ಸಣ್ಣದು, ಹಗುರ, ಅದರಿಂದ ಏನಾದೀತು ಎನ್ನುವವರು ನೋಡದೆ ಬಿಡುವುದು ಇದನ್ನೇ. ಅಂಟುಪಟ್ಟಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಸಂದು ಇರುತ್ತದೆ. ಪತಂಗದ ದಾರಕ್ಕೆ ಜಾಲಿಗಿಡದ ಒಂದೇ ಮುಳ್ಳು ಸಾಲುವಂತೆ, ಪ್ಯಾರಾಚೂಟಿನ ತೆಳುವಾದ ಹಗ್ಗಕ್ಕೆ ಆ ಸಂದು ಸಾಕು. ಹಗ್ಗ ಅಲ್ಲಿ ಸಿಕ್ಕಿಬಿದ್ದು ಮುಖ್ಯ ಪ್ಯಾರಾಚೂಟ್ ಕೆಟ್ಟಿತೆನ್ನಿ. ಅದನ್ನು ಕಳಚುವ ಹಿಡಿಕೆ ಎಳೆದರೆ ಭುಜದಿಂದ ಕಳಚೀತು, ತಲೆಯಿಂದ ಕಳಚದು. ಅದರ ಮೇಲೆ ಮೀಸಲನ್ನು ತೆರೆದರೆ ಎರಡೂ ಸುತ್ತಿಕೊಳ್ಳುವ ಭಯ. ಸ್ವಯಂಚಾಲಿತ ಸಾಧನ ಕಾಯುತ್ತದಲ್ಲ ಎನ್ನುವವರಿದ್ದಾರೆ. ಅನುಭವಿಗಳು ಬಳಸುವ ಸಾಧನ ಸಾಮಾನ್ಯವಾಗಿ 750 ಅಡಿಯ ಸುಮಾರಿಗೆ, ಬೀಳುವ ವೇಗ ಹೆಚ್ಚಿದ್ದರೆ ಮಾತ್ರ, ಮೀಸಲನ್ನು ತೆರೆಯುತ್ತದೆ. ಕೊರಳಿಗೆ ಸುತ್ತಿದ ಹಗ್ಗವನ್ನು ಬಿಡಿಸುವ ಸಾಧನ ಅದಲ್ಲ.

ಆದರೂ ಹೊಸಬರ ಮಟ್ಟಿಗೆ ಹಗ್ಗಕ್ಕಿಂತ ದೊಡ್ಡ ಅಪಾಯ ಗಮನದ್ದು ಎಂದೇ ನನ್ನ ಅಭಿಪ್ರಾಯ. ನಮ್ಮ ಅವ್ವ ಒಲೆಯ ಮುಂದೆ ನೆರೆಮನೆಯವರ ಜೊತೆ ಮಾತಾಡುತ್ತಲೇ ಜೋಳದ ರೊಟ್ಟಿ ಬಡಿಯುತ್ತಾಳೆ. ಕೈಗೆ ಕಣ್ಣಿನ ಹಂಗಿಲ್ಲ. ಹೊಸದಾಗಿ ಕಲಿಯುವವಳು ಮಾತಿಗೆ ನಿಂತರೆ ರೊಟ್ಟಿ ಹರಿಯುತ್ತದೆ. ಅರವತ್ತು ಜಿಗಿತದವನ ಸ್ಥಿತಿ ಎರಡನೆಯದು. ವಿಮಾನ ಎಲ್ಲಿದೆ, ಹಿಂದಿನ ಗುಂಪು ಜಿಗಿದು ಎಷ್ಟು ಹೊತ್ತಾಯಿತು, ಮೈ ಬಿಲ್ಲಿನಂತೆ ಬಾಗಿದೆಯೇ, ಎತ್ತರ ಎಷ್ಟು, ಗಾಳಿ ಯಾವ ಕಡೆಗೆ ಎಂಬುದರಲ್ಲೇ ಅವನ ತಲೆ ತುಂಬಿರುತ್ತದೆ. ಅಲ್ಲಿ ಕ್ಯಾಮೆರಾಕ್ಕೆ ಜಾಗ ಮಾಡಬೇಕಾದರೆ ಇವುಗಳಲ್ಲಿ ಒಂದನ್ನು ಹೊರಗೆ ಹಾಕಬೇಕು, ಮತ್ತು ಯಾವುದು ಹೊರಗೆ ಹೋಯಿತೆಂಬುದು ಆ ಹೊತ್ತಿಗೆ ಗೊತ್ತಾಗುವುದಿಲ್ಲ.

ಇನ್ನೂರು ಎಂಬ ಅಂಕಿಯಲ್ಲಿ ಮಂತ್ರವೇನೂ ಇಲ್ಲ. 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, 800ಕ್ಕೂ ಹೆಚ್ಚು ಜಿಗಿತ ಮಾಡಿದ್ದ ಒಬ್ಬರು, ಇನ್ನೊಬ್ಬರ ತರಬೇತಿಯ ಜಿಗಿತವನ್ನು ಚಿತ್ರೀಕರಿಸಲು ಹೋಗಿ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಳ್ಳುವುದನ್ನೇ ಮರೆತು ವಿಮಾನದಿಂದ ಹೊರಬಿದ್ದು ತೀರಿಕೊಂಡರು. ಆ ಕಾಲದ ಚಿತ್ರೀಕರಣದ ಸಲಕರಣೆ ಬಹಳ ಭಾರ. ಆ ಭಾರವೂ ಬೆಲೆಯೂ ಹೊಸಬರನ್ನು ತಾವಾಗಿಯೇ ದೂರ ಇಟ್ಟಿದ್ದವು. ಕ್ಯಾಮೆರಾ ಅಂಗೈಯಲ್ಲಿ ಹಿಡಿಸುವಷ್ಟಾದ ಮೇಲೆ ಆ ಬೇಲಿ ಬಿದ್ದಿದೆ. ಕ್ಯಾಮೆರಾ ನೋಡಿಕೊಳ್ಳುವವನ ಮನಸ್ಸು ಎಲ್ಲಿರುತ್ತದೆ ಎಂಬ ಪ್ರಶ್ನೆ ಅಂದಿನಷ್ಟೇ ದೊಡ್ಡದಾಗಿದೆ.

ಬೇರೆ ಕಡೆಯ ವಾದವೂ ಪೂರ್ತಿ ಪೊಳ್ಳಲ್ಲ. ತಪ್ಪು ತಿದ್ದಿಕೊಳ್ಳಲು ವಿಡಿಯೋದಂಥ ಗುರು ಇನ್ನೊಂದಿಲ್ಲ. ಆದರೆ ನನ್ನ ತಲೆಯ ಮೇಲಿನ ಕ್ಯಾಮೆರಾದಲ್ಲಿ ನಾನೇ ಕಾಣುವುದಿಲ್ಲ. ಮೊಣಕಾಲು ಮಡಚಿತ್ತೇ, ಬೆನ್ನು ಬಾಗಿತ್ತೇ ಎಂದು ತಿಳಿಯಲು ಎದುರಿನಿಂದ ಇನ್ನೊಬ್ಬರು ತೆಗೆಯಬೇಕು. ಆ ಜಿಗಿತದ ಮರುವಾರ ನಾನು ಕ್ಯಾಮೆರಾ ಕಳಚಿಟ್ಟು, ಸಾವಿರಾರು ಜಿಗಿತದ ಹಿರಿಯರೊಬ್ಬರ ಜಿಗಿತದ ಟಿಕೆಟ್ ಹಣ ನಾನೇ ಕೊಟ್ಟು ಜೊತೆಗೆ ಕರೆದೊಯ್ದೆ. ಅವರು ತೆಗೆದ ಒಂದು ನಿಮಿಷದ ವಿಡಿಯೋದಲ್ಲಿ ನನ್ನ ಎಡಗಾಲು ಸತತವಾಗಿ ಕೆಳಗೆ ಜೋತು ಬಿದ್ದಿರುವುದು ಕಂಡಿತು. ಮೊದಲಿಂದಲೂ ನಾನು ಎಡಕ್ಕೆ ತಿರುಗಿಹೋಗುತ್ತಿದ್ದ ಕಾರಣ ಅದೇ ಆಗಿತ್ತು. ಊರಿನವರಿಗೆ ತೋರಿಸಲು ಮುಖವೂ ಅದರಲ್ಲೇ ಸಿಕ್ಕಿತು. ಅಳಿಯನಿಗೆ ಈ ಮಾತು ಮಾತ್ರ ಕೂಡಲೇ ಹಿಡಿಸಿತು.

ಇನ್ನೂರು ಜಿಗಿತ ಮುಗಿದದ್ದು 2016ರಲ್ಲಿ. ಬೆಳಗಾವಿಗೆ ಮರಳಿದ ಮೇಲೆ, ಉದ್ಯಮಬಾಗದ ಗೆಳೆಯನ ಯಂತ್ರದಲ್ಲಿ ನೈಲಾನ್ ಗಟ್ಟಿಯೊಂದನ್ನು ಹೆಲ್ಮೆಟ್ಟಿನ ಬಾಗಿಗೆ ಸರಿಯಾಗಿ ಕೊರೆಸಿ, ಕ್ಯಾಮೆರಾ ಅದರೊಳಗೆ ಅರ್ಧ ಹುದುಗಿ ಕೂರುವಂತೆ ಮಾಡಿದೆ. ಅಂಚುಗಳನ್ನೆಲ್ಲ ಗುಂಡಗೆ ಮಾಡಿ, ಉಳಿದ ಸಂದನ್ನು ಪುಟ್ಟಿ ತುಂಬಿ ಮುಚ್ಚಿದೆ. ಗದ್ದದ ಪಟ್ಟಿಗೆ, ಒಂದೇ ಕೈಯಿಂದ ಎಳೆದರೆ ಹೆಲ್ಮೆಟ್ಟೇ ಕಳಚಿ ಹೋಗುವಂಥ ಬಕಲ್ ಹಾಕಿಸಿದೆ. ಹಗ್ಗ ಸಿಕ್ಕಿದರೆ ಹೆಲ್ಮೆಟ್ ಹೋಗಲಿ, ಕೊರಳು ಉಳಿಯಲಿ ಎಂಬುದು ಅದರ ಲೆಕ್ಕ. ಬಕಲ್ ಎಳೆಯುವುದನ್ನು ಮನೆಯಲ್ಲಿ ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ, ನೂರಾರು ಸಲ ಅಭ್ಯಾಸ ಮಾಡಿದೆ. ಹೀಗೆ ಮತ್ತೆ ಕ್ಯಾಮೆರಾ ಹೊತ್ತ ಮೊದಲ ಹತ್ತು ಜಿಗಿತಗಳಲ್ಲಿ ಯಾರನ್ನೂ ಚಿತ್ರೀಕರಿಸಲಿಲ್ಲ, ವಿಮಾನ ಏರುವ ಮೊದಲೇ ಚಾಲೂ ಮಾಡಿ ಅದನ್ನು ಮರೆತುಬಿಡುವುದಷ್ಟೇ ಕೆಲಸವಾಗಿತ್ತು.

ಇದನ್ನೆಲ್ಲ ಹೇಳಿ, ಪ್ಯಾರಾಚೂಟುಗಳನ್ನು ಮಡಚಿ ದುರಸ್ತಿ ಮಾಡುವ ರಿಗ್ಗರ್ ಒಬ್ಬರು ಕೊಟ್ಟ ಹಳೆಯ ಪ್ಯಾರಾಚೂಟ್ ಹಗ್ಗದ ತುಂಡನ್ನು ಅಳಿಯನ ಕೈಗಿತ್ತೆ. ಹೆಲ್ಮೆಟ್ಟಿನ ಮೇಲೆ ಆ ಹಗ್ಗವನ್ನು ಎಲ್ಲ ದಿಕ್ಕಿನಿಂದಲೂ ಎಳೆದು, ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನೋಡುವುದೇ ಪರೀಕ್ಷೆ. ನಾನು ಅದನ್ನು ಎಷ್ಟೋ ಸಲ ಮಾಡಿದ್ದೇನೆ. ಅವನು ಮೇಲಿನಿಂದ ಎಳೆದ, ಪಕ್ಕದಿಂದ ಎಳೆದ, ಎಲ್ಲಿಯೂ ನಿಲ್ಲಲಿಲ್ಲ. ಆಮೇಲೆ ಹೆಲ್ಮೆಟ್ಟನ್ನು ಬೋರಲು ಹಾಕಿ ಹಿಂಬದಿಯಿಂದ ಎಳೆದ. ಹಗ್ಗ ಬಕಲ್ಲಿನ ಪಟ್ಟಿಯ ತುದಿಗೆ ಸಿಕ್ಕಿ ಗಟ್ಟಿಯಾಗಿ ನಿಂತಿತು. ಹಗ್ಗಗಳು ಯಾವಾಗಲೂ ಮೇಲಕ್ಕೇ ಹೋಗುತ್ತವೆ ಎಂಬ ನಂಬಿಕೆಯಲ್ಲಿ ನಾನು ಆ ದಿಕ್ಕಿನಿಂದ ಎಳೆದೇ ನೋಡಿರಲಿಲ್ಲ. ಮೈ ಉರುಳುತ್ತಿರುವಾಗ ತೆರೆದರೆ ಹಗ್ಗ ಕೆಳಗಿನಿಂದಲೂ ಬರುತ್ತದೆ. "ಮಾಮಾ, ಇಲ್ಲಿ ಹಿಡೀತು ನೋಡ್ರಿ" ಎಂದ. ಮರುದಿನ ಅಂಗಡಿಗಳು ತೆರೆದ ಮೇಲೆ ಇಬ್ಬರೂ ಹೆಲ್ಮೆಟ್ ಹಿಡಿದುಕೊಂಡು, ಆ ತುದಿಯನ್ನು ಮಡಚಿ ಹೊಲಿಸಲು ಚರ್ಮದ ಚೀಲ ಹೊಲಿಯುವವನ ಬಳಿಗೆ ಹೋದೆವು.