ಬ್ರೋಕರ್‌ಗೆ ಕಮಿಷನ್ ಕೊಡುವುದಾದರೆ ಕೆಲಸ ತೆಗೆಯುವುದು ಹೀಗೆ

ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟವರೆಲ್ಲ ಮೊದಲು ಹೇಳುವುದು, ‘ಡೈರೆಕ್ಟ್ ಪಾರ್ಟಿ ಸಿಕ್ಕರೆ ಸಾಕಪ್ಪ, ಬ್ರೋಕರ್‌ಗೆ ಯಾಕೆ ಸುಮ್ನೆ ದುಡ್ಡು?’ ಅಂತ. ನಾನೂ ಹಾಗೇ ಹೇಳಿಕೊಂಡು ಐದು ತಿಂಗಳ ಭಾನುವಾರಗಳನ್ನು ಕಳೆದೆ. ಕೊನೆಗೆ ಕೆಂಗೇರಿ ಕಡೆ 20×30ರ ಒಂದು ಮನೆ ಇಷ್ಟವಾಯಿತು. ಓನರ್ ಒಳ್ಳೆಯವರು, ಕಾಫಿ ಕೊಟ್ಟರು, ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಸರ್ಕಾರಿ ಪತ್ರ) ತೋರಿಸಿದರು. ಸಾಲ ಇಲ್ಲ, ಅಡಮಾನ ಇಲ್ಲ, ಖಾತೆ ಅವರದೇ ಹೆಸರಿಗೆ ಇತ್ತು. ಇನ್ನೇನು ಬೇಕು?

ಮಾರನೇ ದಿನ ಟೋಕನ್, ಅಂದರೆ ಮುಂಗಡ, ಕೊಡುವುದಿತ್ತು. ಕಾಗದಗಳ ಜೆರಾಕ್ಸ್ ಮಾಡಿಸಲು ಅದೇ ಬೀದಿ ಮೂಲೆಯ ಅಂಗಡಿಗೆ ಹೋದೆ. ಅಂಗಡಿಯವರು ಜೆರಾಕ್ಸ್ ಜೊತೆ ಮನೆ ವ್ಯಾಪಾರವನ್ನೂ ಮಾಡಿಸುತ್ತಾರಂತೆ. ಕಾಗದ ಮೆಷಿನ್ನಿಗೆ ಇಡುವ ಮೊದಲೇ ವಿಳಾಸ ಓದಿ ಕೇಳಿದರು, ‘ಇದು ಹೊಂಗೆ ಮರದ ಪಕ್ಕದ ಮನೆ ಅಲ್ವಾ ಸಾರ್? ದಾವಣಗೆರೆ ತಂಗಿ ಸೈನ್ ಹಾಕ್ತಾರಂತಾ?’

ಯಾವ ತಂಗಿ? ನನಗೆ ಗೊತ್ತೇ ಇರಲಿಲ್ಲ. ಮನೆ ಓನರ್ ತಂದೆ ಕಟ್ಟಿಸಿದ್ದು, ಅವರು ವಿಲ್ ಬರೆಯದೆ ತೀರಿಕೊಂಡಿದ್ದರು. ಹಾಗಾದಾಗ ಹಿಂದೂ ಕಾನೂನಿನ ಪ್ರಕಾರ ಮಗನಿಗೆ ಎಷ್ಟು ಪಾಲೋ ಮಗಳಿಗೂ ಅಷ್ಟೇ. ಅಣ್ಣ ಖಾತೆ ಮಾಡಿಸಿಕೊಂಡಿದ್ದರು ನಿಜ, ಆದರೆ ಖಾತೆ ಇರುವುದು ತೆರಿಗೆ ಕಟ್ಟಲು. ಅದೊಂದರಿಂದಲೇ ಒಡೆತನ ಬರುವುದಿಲ್ಲ. ಇಸಿಯಲ್ಲೂ ರಿಜಿಸ್ಟರ್ ಆದ ವ್ಯವಹಾರ ಮಾತ್ರ ಕಾಣುತ್ತದೆ, ಅಣ್ಣ ತಂಗಿ ಮಾತು ಬಿಟ್ಟು ಆರು ವರ್ಷ ಆಯಿತು ಅನ್ನುವುದು ಅದರಲ್ಲಿ ಎಲ್ಲಿ ಬರುತ್ತದೆ? ಆ ಮನೆ ಬಿಟ್ಟೆ. ಜೆರಾಕ್ಸ್ ಅಂಗಡಿಯವರನ್ನು ಹಿಡಿದುಕೊಂಡೆ.

ಬ್ರೋಕರ್‌ಗೆ ಕೊಡುವ ದುಡ್ಡು ಮನೆ ತೋರಿಸಿದ್ದಕ್ಕಲ್ಲ. ಮನೆ ಫೋಟೊ ಈಗ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ಆ ನಾಲ್ಕು ಬೀದಿಯ ವಿಷಯ ಅವರಿಗೆ ಗೊತ್ತಲ್ಲ, ದುಡ್ಡು ಅದಕ್ಕೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಶುರು ಮಾಡಿ.

ಮೊದಲು, ಸರಿಯಾದವರನ್ನು ಹಿಡಿಯಿರಿ

‘ಬೆಂಗಳೂರಿನಲ್ಲಿ ಎಲ್ಲಿ ಬೇಕಾದರೂ ಕೊಡಿಸ್ತೀನಿ’ ಅನ್ನುವವರು ಬೇಡ. ನಿಮಗೆ ಬೇಕಾದ ಏರಿಯಾದಲ್ಲೇ ಹತ್ತು ಹದಿನೈದು ವರ್ಷ ಓಡಾಡಿದವರು ಬೇಕು. ಔಷಧಿ ಅಂಗಡಿ, ದಿನಸಿ ಅಂಗಡಿ, ಇಸ್ತ್ರಿಯವರು, ಇಂಥ ಮೂರು ಕಡೆ ವಿಚಾರಿಸಿ. ಒಂದೇ ಹೆಸರು ಎರಡು ಸಲ ಬಂದರೆ ಅವರಿಗೆ ಫೋನ್ ಮಾಡಿ.

ಹೊಸ ಅಪಾರ್ಟ್‌ಮೆಂಟ್ ಅಥವಾ ಲೇಔಟ್ ಸೈಟು ಆದರೆ ನಿಯಮ ಬೇರೆ. 2016ರ ರೇರಾ ಕಾಯ್ದೆ (ಬಿಲ್ಡರ್, ಏಜೆಂಟ್‌ಗಳ ಮೇಲೆ ಕಣ್ಣಿಡುವ ಕಾನೂನು) ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟನ್ನು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಪ್ರಾಜೆಕ್ಟಿನ ನಂಬರನ್ನೂ ಹಾಗೇ ನೋಡಿ. ಇನ್ನೊಂದು ವಿಷಯ, ಅಗ್ರಿಮೆಂಟ್ ರಿಜಿಸ್ಟರ್ ಮಾಡದೆ ಬಿಲ್ಡರ್ ನಿಮ್ಮಿಂದ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ‘ಇವತ್ತು ಶೇ 20 ಕೊಟ್ಟರೆ ಆಫರ್’ ಅಂತ ಏಜೆಂಟ್ ಅವಸರ ಮಾಡಿದರೆ ಎದ್ದು ಬನ್ನಿ.

ಕಮಿಷನ್ ಮಾತು ಮೊದಲೇ ಮುಗಿಸಿ

ನಮ್ಮಲ್ಲಿ ಇದೇ ದೊಡ್ಡ ತಪ್ಪು. ಸಂಕೋಚಪಟ್ಟುಕೊಂಡು ಕೊನೆಯವರೆಗೂ ಕೇಳುವುದಿಲ್ಲ, ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಜಗಳ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೊಳ್ಳುವವರಿಂದ ಶೇ 1ರಿಂದ 2, ಮಾರುವವರಿಂದಲೂ ಅಷ್ಟೇ ಕೇಳುತ್ತಾರೆ. ಇದು ರೂಢಿ ಅಷ್ಟೆ, ಮಾತಾಡಿ ಇಳಿಸಬಹುದು. 80 ಲಕ್ಷದ ಮನೆಗೆ ಶೇ 1 ಅಂದರೆ 80 ಸಾವಿರ, ಶೇ 2 ಅಂದರೆ 1 ಲಕ್ಷ 60 ಸಾವಿರ. ಜಿಎಸ್‌ಟಿ ನೋಂದಣಿ ಇರುವ ಏಜೆಂಟ್ ಆದರೆ ಕಮಿಷನ್ ಮೇಲೆ ಶೇ 18 ಸೇರುತ್ತದೆ, ಅದನ್ನೂ ಕೇಳಿಕೊಳ್ಳಿ. ‘ಶೇ 1, ರಿಜಿಸ್ಟ್ರೇಷನ್ ದಿನ ಪೂರ್ತಿ ಕೊಡುವುದು, ವ್ಯಾಪಾರ ಮುರಿದರೆ ಏನೂ ಇಲ್ಲ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ‘ಓಕೆ ಸಾರ್’ ಅಂತ ಉತ್ತರ ಬರಲಿ. ಇಷ್ಟಿದ್ದರೆ ಸಾಕು.

ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ತಪ್ಪೇನಿಲ್ಲ. ಆದರೆ ವ್ಯಾಪಾರ ಬೇಗ ಮುಗಿಯಲಿ ಅನ್ನುವುದು ಅವರ ಆಸೆ ಅಂತ ನಿಮಗೆ ಗೊತ್ತಿರಲಿ.

ಮನೆ ನೋಡುವಾಗ ನೀವು ಕೇಳಿ, ಅವರು ಹೇಳಲಿ

ನಾನು ಕೇಳುತ್ತಿದ್ದುದು ಮೂರೇ. ಯಾಕೆ ಮಾರುತ್ತಿದ್ದಾರೆ? ಎಷ್ಟು ದಿನದಿಂದ ಮಾರಾಟಕ್ಕಿದೆ? ಮುಂಚೆ ನೋಡಿದವರು ಯಾಕೆ ಬಿಟ್ಟರು? ಕೊನೆಯದಕ್ಕೆ ಬರುವ ಉತ್ತರದಲ್ಲೇ ಎಲ್ಲ ಇರುತ್ತದೆ. ಒಂದು ಮನೆ ನನ್ನ ಹೆಂಡತಿಗೆ ತುಂಬಾ ಹಿಡಿಸಿತ್ತು, ಹೊಸ ಪೇಂಟ್, ಒಳ್ಳೆ ಗಾಳಿ ಬೆಳಕು. ಇದೇ ಪ್ರಶ್ನೆ ಕೇಳಿದಾಗ ಬ್ರೋಕರ್ ಮಾತಾಡಲಿಲ್ಲ. ಪಕ್ಕದ ಖಾಲಿ ಸೈಟಿನ ಕಾಂಪೌಂಡ್ ಹತ್ತಿರ ಕೂತು ಬೆರಳಿನಲ್ಲಿ ಒಂದು ಗೆರೆ ತೋರಿಸಿದರು. ನೆಲದಿಂದ ಒಂದೂವರೆ ಗೇಣು ಎತ್ತರಕ್ಕೆ, ಗೋಡೆ ಉದ್ದಕ್ಕೂ ಕೆಮ್ಮಣ್ಣಿನ ಕಲೆ. ಮಳೆ ನೀರು ನಿಂತು ಇಳಿದ ಗುರುತು. ಮಾರುವ ಮನೆಗೆ ಪೇಂಟ್ ಹೊಡೆಸಿದ್ದರು, ಪಕ್ಕದ ಗೋಡೆಗೆ ಯಾರು ಹೊಡೆಸುತ್ತಾರೆ!

ನೀರು ದಿನ ಬಿಟ್ಟು ದಿನ ಬರುತ್ತದಾ, ಯಾವ ರಸ್ತೆ ಅಗಲ ಮಾಡಲು ಗುರುತು ಹಾಕಿದ್ದಾರೆ, ಕಳೆದ ವರ್ಷ ಇದೇ ಕ್ರಾಸಿನಲ್ಲಿ ಮನೆ ಎಷ್ಟಕ್ಕೆ ಹೋಯಿತು, ಇದೂ ಅವರಿಂದಲೇ ತಿಳಿಯುತ್ತದೆ. ರಿಜಿಸ್ಟರ್ ಆದ ಬೆಲೆ ಬೇರೆ, ನಿಜವಾಗಿ ಕೈ ಬದಲಾದ ಬೆಲೆ ಬೇರೆ ಇರುವ ಊರು ಇದು.

ಚೌಕಾಸಿಯಲ್ಲಿ ಬಾಯಿ ಬಿಡಬೇಡಿ

ಓನರ್ ಮುಂದೆ ಕೂತು ‘ನಿಮ್ಮ ಅಡುಗೆಮನೆ ಚಿಕ್ಕದು, 75ಕ್ಕೆ ಕೊಡಿ’ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅದೇ ಮಾತನ್ನು ಬ್ರೋಕರ್ ಸಂಜೆ ಟೀ ಕುಡಿಯುತ್ತಾ, ‘ಪಾರ್ಟಿ ಅಡುಗೆಮನೆ ಒಡೆಸಬೇಕು ಅಂತಿದಾರೆ ಯಜಮಾನ್ರೇ’ ಅಂದರೆ ನಡೆಯುತ್ತದೆ. ನಾವು ಕೊನೆಗೆ ಕೊಂಡ ಮನೆ 84 ಲಕ್ಷದಿಂದ ಶುರುವಾಗಿ 80ಕ್ಕೆ ನಿಂತಿತು, ಓನರ್ ಜೊತೆ ನಾನು ಬೆಲೆ ಮಾತಾಡಲೇ ಇಲ್ಲ. ಉಳಿದ 4 ಲಕ್ಷದ ಮುಂದೆ 80 ಸಾವಿರ ಕಮಿಷನ್ ನನಗೆ ಭಾರ ಅನ್ನಿಸಲಿಲ್ಲ. ಒಂದು ಎಚ್ಚರ, ನಿಮ್ಮ ಕೊನೆಯ ಬೆಲೆಯನ್ನು ಬ್ರೋಕರ್‌ಗೂ ಹೇಳಬೇಡಿ. ಮನಸ್ಸಿನಲ್ಲಿ 80 ಇದ್ದರೆ 77 ಅನ್ನಿ.

ಕಾಗದ ಮಾತ್ರ ಅವರ ಕೈಗೆ ಬೇಡ

‘ನಮ್ಮ ಲಾಯರೇ ಇದಾರೆ ಸಾರ್’ ಅನ್ನುತ್ತಾರೆ. ಬೇಡ ಅನ್ನಿ. ವ್ಯಾಪಾರ ಮುಗಿಯದಿದ್ದರೆ ಬ್ರೋಕರ್‌ಗೆ ಕಮಿಷನ್ ಇಲ್ಲ, ಅವರು ಕರೆತಂದ ಲಾಯರ್ ‘ಬೇಡ’ ಅನ್ನುವುದು ಕಷ್ಟ. ನಿಮ್ಮ ಲಾಯರನ್ನು ನೀವೇ ಹಿಡಿಯಿರಿ. ಕಾಗದ ತರಿಸುವ ಓಡಾಟ ಮಾತ್ರ ಬ್ರೋಕರ್ ಮಾಡಲಿ. ಮೂಲ ಪತ್ರ, ಕ್ರಯಪತ್ರ, ಇ-ಖಾತಾ, ತೆರಿಗೆ ರಸೀದಿ, ವಂಶವೃಕ್ಷ, ಪ್ಲಾನ್. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ನೀವೇ ತೆಗೆಯಿರಿ, ಅವರು ಕೊಟ್ಟ ಜೆರಾಕ್ಸ್ ನಂಬಬೇಡಿ. ಬರೀ ಜಿಪಿಎ (ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ) ಮೇಲೆ ಮಾರುತ್ತೇವೆ ಅಂದರೆ ಮುಂದೆ ಹೋಗಬೇಡಿ, ಅದರಿಂದ ಒಡೆತನ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಟೋಕನ್ ಚೆಕ್‌ನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ಆಸ್ತಿ ವ್ಯವಹಾರಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ‘ಲೀಗಲ್ ಸರಿ ಇಲ್ಲದಿದ್ದರೆ ವಾಪಸ್’ ಅಂತ ಒಂದು ಸಾಲು ಬರೆಸಿಕೊಳ್ಳಿ, ಮಾರುವವರನ್ನು ಅದಕ್ಕೆ ಒಪ್ಪಿಸುವುದು ಬ್ರೋಕರ್ ಕೆಲಸ.

ರಿಜಿಸ್ಟ್ರೇಷನ್ ದಿನ

ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಗರದಲ್ಲಿ 80 ಲಕ್ಷದ ಮನೆಗೆ ಸ್ಟ್ಯಾಂಪ್ ಡ್ಯೂಟಿ ಶೇ 5, ಅಂದರೆ 4 ಲಕ್ಷ. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 48 ಸಾವಿರ. ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ ಶೇ 1 ಹೋಗಿ ಶೇ 2 ಆಗಿದೆ, ಅದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ. ಗೈಡೆನ್ಸ್ ವ್ಯಾಲ್ಯೂ, ಅಂದರೆ ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ, ನಿಮ್ಮ ಬೆಲೆಗಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಮೇಲಿದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಟಿಡಿಎಸ್ (ಅವರ ಲೆಕ್ಕದ ಆದಾಯ ತೆರಿಗೆ) ಹಿಡಿದು ನೀವು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅಮೆರಿಕದಲ್ಲೋ ದುಬೈನಲ್ಲೋ ಇರುವ ಎನ್‌ಆರ್‌ಐ ಆದರೆ ಈ ಲೆಕ್ಕ ಪೂರ್ತಿ ಬೇರೆ, ಆಡಿಟರ್ ಹತ್ತಿರ ಹೋಗದೆ ಒಂದು ರೂಪಾಯಿ ಕೊಡಬೇಡಿ.

ನಮ್ಮ ಬ್ರೋಕರ್ ಆ ದಿನ ಬೆಳಿಗ್ಗೆಯೇ ಬಂದು, ಸಾಕ್ಷಿಗಳ ಆಧಾರ್ ಕಾರ್ಡ್ ನೋಡಿ, ಕಾರ್ಡ್ ಮರೆತು ಬಂದ ಓನರ್ ಮಗನನ್ನು ಸ್ಕೂಟರಿನಲ್ಲಿ ಮನೆಗೆ ವಾಪಸ್ ಓಡಿಸಿದರು. ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯಿತು. ಆಚೆ ಕಬ್ಬಿನ ಹಾಲು ಕುಡಿಯುತ್ತಾ 80 ಸಾವಿರದ ಚೆಕ್ ಕೊಟ್ಟೆ. ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೇಳಿದರು, ‘ಸಾರ್, ಮೇಲಿನ ಪೋರ್ಷನ್ ಬಾಡಿಗೆಗೆ ಕೊಡ್ತೀರಾ? ಒಳ್ಳೆ ಪಾರ್ಟಿ ಇದೆ. ಒಂದು ತಿಂಗಳ ಬಾಡಿಗೆ ನನಗೆ.’